1975ರ ಟೀಮ್ ದೊಡ್ಡದೋ, ಪ್ಯಾರಿಸ್ ಟೀಮ್ ದೊಡ್ಡದೋ? ಈ ಸಲ ಸೆಮಿಫೈನಲ್ ಮುಟ್ತೀವೇನ್ರಿ?

ಪ್ರಶ್ನೆ: ಸರ್, ನಾವು ಬೆಟಗೇರಿ ಕಡೆಯವ್ರು. ಮುಂಜಾನೆ ವಾಕಿಂಗ್ ಮುಗಿಸಿ ಚಾ ಕುಡಿಯೋ ಏಳೆಂಟು ಮಂದಿ ಅದೀವಿ, ಎಲ್ಲಾರೂ ಒಂದಿಲ್ಲೊಂದು ಕಾಲಕ್ಕ ಹಾಕಿ ಸ್ಟಿಕ್ ಹಿಡದವ್ರ. ಒಂದ್ ವಾರದಿಂದ ಒಂದ ಜಗಳ ನಡದೈತಿ. ಹಿರ್ಯಾರು 1975ರ ವರ್ಲ್ಡ್ ಕಪ್ ಗೆದ್ದ ಟೀಮಿನ ಮುಂದ ಮತ್ತ್ಯಾರೂ ಇಲ್ಲ ಅಂತಾರ, ಹುಡುಗ್ರು ಟೋಕಿಯೋ, ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ನ್ಯಾಗ ಮೆಡಲ್ ತಂದವ್ರ ದೊಡ್ಡವ್ರು ಅಂತಾರ. ಯಾರದು ಖರೆ? ಮತ್ತ 2026ರ ವರ್ಲ್ಡ್ ಕಪ್‌ನ್ಯಾಗ ನಾವು ಸೆಮಿಫೈನಲ್ ಮುಟ್ಟಬಹುದೇನು?

ಉತ್ತರ: ಈ ಜಗಳ ನಮ್ಮ ಕಡೆ ಇನ್ನೂ ನಡದೈತಿ ಅಂತ ಕೇಳೇ ಖುಷಿ ಆತ್ರಿ. ಗದಗ-ಬೆಟಗೇರಿ ಇರ್ಲಿ, ಹುಬ್ಬಳ್ಳಿ ಸೆಟ್ಲಮೆಂಟ್ ಇರ್ಲಿ, ಕ್ರಿಕೆಟ್ ಗದ್ದಲದಾಗೂ ಹಾಕಿ ಬಿಟ್ಟುಕೊಡದ ಮಂದಿ ನಾವು.

ಮೊದ್ಲ ಒಂದ್ ಮಾತು ಹೇಳಿಬಿಡ್ತೀನಿ. ಆವಾಗಿನ ಆಟಗಾರ್ರನ್ನ ಈಗಿನವ್ರ ಜೋಡಿ ತೂಗೋದು ಭಾಳ ಕಷ್ಟ. 1975ರಾಗ ಕ್ವಾಲಾಲಂಪುರದಾಗ ಆಡಿದ್ದು ಹುಲ್ಲಿನ ಮ್ಯಾಲ, ಆಫ್‌ಸೈಡ್ ಇತ್ತು, ಅರ್ಧಕ್ಕ 35 ನಿಮಿಷದಂಗ ಎರಡ ಹಾಫ್, ದಣಿದ್ರೂ ಅಲ್ಲೇ ಓಡಬೇಕು. ಪೆನಾಲ್ಟಿ ಕಾರ್ನರ್ (ಗೋಲಿನ ಮುಂದಿನ ಸರ್ಕಲ್ ಒಳಗ ತಪ್ಪು ಮಾಡಿದ್ರ ಎದುರಿನವ್ರಿಗೆ ಸಿಗೋ ಹೊಡೆತ) ಬಂದ್ರ ಒಬ್ಬಾಂವ ಬಗ್ಗಿ ಕೈಲೆ ಚೆಂಡು ನಿಲ್ಲಸ್ತಿದ್ದ, ಇನ್ನೊಬ್ಬಾಂವ ಬಡೀತಿದ್ದ. ಈಗ ನೀಲಿ ಟರ್ಫು, 15 ನಿಮಿಷದ ನಾಕ ಕ್ವಾರ್ಟರ್, ಯಾವಾಗ ಬೇಕಾದ್ರೂ ಬದಲಿ ಆಟಗಾರ್ರನ್ನ ಇಳಸಬಹುದು, ಚೆಂಡನ್ನ ಸ್ಟಿಕ್ಕಿನಿಂದ ಎಳದು ಒಗಿಯೋ ಡ್ರ್ಯಾಗ್‌ಫ್ಲಿಕ್, ವಿಡಿಯೋ ರೆಫರಲ್. ಹಿಂಗಾಗಿ 1975ರ ಅಶೋಕ್ ಕುಮಾರ್ ಇವತ್ತ ಆಡಿದ್ರ ಎಷ್ಟ್ ಗೋಲ್ ಹೊಡೀತಿದ್ರು, ಪ್ಯಾರಿಸ್ ಟೀಮಿನ ಕ್ಯಾಪ್ಟನ್ ಹರ್ಮನ್‌ಪ್ರೀತ್ ಆವಾಗ ಇದ್ದಿದ್ರ ಹೆಂಗ ಅಂತ ಕೂತ್ ಮಾತಾಡಿದ್ರ ಚಾ ಆರತೈತಿ ಅಷ್ಟ. ನಾ ಒಂದ ಅಳತಿ ಹಿಡೀತೀನಿ, ಸೋತ್ರ ಮನಿಗೆ ಅನ್ನೋ ಮ್ಯಾಚಿನ್ಯಾಗ ಆ ಟೀಮು ಏನ್ ಮಾಡ್ತು ಅನ್ನೋದು.

ಆ ಅಳತಿಗೆ 1975 ಭಾಳ ಎತ್ತರ ನಿಂದರ್ತೈತಿ. ಸೆಮಿಫೈನಲ್‌ನ್ಯಾಗ ಮಲೇಷ್ಯಾ, ಅವರದ ನೆಲ, ಅವರದ ಮಂದಿ, ನಾವು 1-2 ಹಿಂದ. ಬೆಂಚಿನ ಮ್ಯಾಲಿದ್ದ ಅಸ್ಲಂ ಶೇರ್ ಖಾನ್ ಒಳಗ ಬಂದು ಕೊಳ್ಳಾಗಿನ ತಾಯಿತಕ್ಕ ಮುತ್ತು ಕೊಟ್ಟು ಪೆನಾಲ್ಟಿ ಕಾರ್ನರ್ ಬಡದು ಸಮ ಮಾಡಿದ್ರು, ಎಕ್ಸ್‌ಟ್ರಾ ಟೈಮಿನ್ಯಾಗ ಹರ್‌ಚರಣ್ ಸಿಂಗ್ ಗೋಲ್ ಹೊಡದು 3-2. ಫೈನಲ್ ಪಾಕಿಸ್ತಾನದ ಜೋಡಿ, ಅಲ್ಲೂ ಮೊದ್ಲ ಗೋಲ್ ಅವರದ. ಸುರ್ಜೀತ್ ಸಮ ಮಾಡಿದ್ರು, ಆಮ್ಯಾಲ ಅಶೋಕ್ ಕುಮಾರ್ ಹೊಡದ ಚೆಂಡು ಗೋಲಿನ ಮೂಲಿಗೆ ಬಡದು ಹೊರಗ ಬಂತು, ಪಾಕಿಸ್ತಾನದವ್ರು ಗೋಲ್ ಅಲ್ಲ ಅಂತ ಎಷ್ಟು ಗದ್ದಲ ಮಾಡಿದ್ರೂ ಅಂಪೈರ್ ಗೋಲ್ ಕೊಟ್ರು. ನಾ ಆವಾಗ ಸಣ್ಣ ಹುಡುಗ, ಅಪ್ಪ ರೇಡಿಯೋದ ಕಿವಿ ತಿರುವಿ ತಿರುವಿ ಸ್ಟೇಷನ್ ಹಿಡೀತಿದ್ರು, ಜಸ್‌ದೇವ್ ಸಿಂಗ್ ಅವರ ಹಿಂದಿ ಕಾಮೆಂಟರಿ ಅರ್ಧ ತಿಳೀತಿತ್ತು ಅರ್ಧ ಇಲ್ಲ, ಆದ್ರ ದನಿ ಮ್ಯಾಲ ಏರಿದ್ದು ಕೇಳಿ ಓಣಿ ತುಂಬ ಕುಣದಿದ್ವಿ. ಆ ಟೀಮಿನ್ಯಾಗ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಇದ್ರು ಅನ್ನೋದು ನಿಮ್ಮ ಹುಡುಗ್ರಿಗೆ ಗೊತ್ತಿರ್ಲಿ.

ಅದಾದ್ ಮ್ಯಾಲ ಒಮ್ಮೆಯೂ ನಾವು ವರ್ಲ್ಡ್ ಕಪ್ ಸೆಮಿಫೈನಲ್ ಮುಟ್ಟಿಲ್ಲ. 1975ರಿಂದ ಇಲ್ಲೀ ತನಕ, ಒಮ್ಮೆಯೂ. ಮರು ವರ್ಷನ ಮಾಂಟ್ರಿಯಲ್ ಒಲಿಂಪಿಕ್ಸ್ ಆರ್ಟಿಫಿಷಿಯಲ್ ಟರ್ಫ್ ಮ್ಯಾಲ ಆತು, ಏಳನೇ ಸ್ಥಾನಕ್ಕ ಬಿದ್ವಿ. ನಮ್ಮ ಹುಡುಗ್ರು ಗರಸಿನ ನೆಲದಾಗ ಕಲ್ತು ಸೀದಾ ಅಲ್ಲಿ ಹೋಗಿ ಆಡೋದಂದ್ರ ಏನಂತ ನಮ್ಮ ಕಡೆಯವ್ರಿಗೆ ಬ್ಯಾರೆ ಹೇಳಬೇಕಾಗಿಲ್ಲ. ಗರಸಿನ ಮ್ಯಾಲ ಚೆಂಡು ಎಲ್ಲಿ ಪುಟೀತೈತಿ ಅಂತ ಕಣ್ಣಿಟ್ಟು ಕಾಯಬೇಕು, ಟರ್ಫ್ ಮ್ಯಾಲ ಅದು ನೋಡೋದ್ರಾಗ ಬಂದು ದಾಟಿ ಹೋಗಿರ್ತೈತಿ. 1980ರ ಮಾಸ್ಕೋ ಗೋಲ್ಡ್ ನಾ ಕಡಿಮಿ ಮಾಡಂಗಿಲ್ಲ, ಭಾಳ ದೇಶಗಳು ಬಂದಿದ್ದಿಲ್ಲ ಅನ್ನೋದು ಖರೆ, ಆದ್ರ ಫೈನಲ್‌ನ್ಯಾಗ ಸ್ಪೇನ್ ಮ್ಯಾಲ 3-0 ಮುಂದಿದ್ದಾಂವ 3-2ಕ್ಕ ಬಂದಾಗ ಎದಿ ಗಟ್ಟಿ ಹಿಡದು 4-3 ಮುಗಿಸಿದ್ರಲ್ಲ, ಅದನ್ನ ನೆನಪಿಡ್ರಿ. ಆ ಟೀಮಿನ್ಯಾಗೂ ನಮ್ಮ ಎಂ.ಎಂ. ಸೋಮಯ್ಯ ಇದ್ರು.

ಇನ್ನ ಈಗಿನವ್ರ ವಿಷಯ. ನಾ ಈ ಹತ್ತ ವರ್ಷದ ನಾಕೌಟ್ ಮ್ಯಾಚ್ ಎಲ್ಲಾ ಒಂದ್ ನೋಟ್‌ಬುಕ್‌ನ್ಯಾಗ ಬರದಿಟ್ಟೀನಿ, ಅದನ್ನ ತಿರುವಿ ಹಾಕಿದಾಗೆಲ್ಲ ಒಂದ ವಿಷಯ ಕಣ್ಣಿಗೆ ಹೊಡೀತೈತಿ. ಒಲಿಂಪಿಕ್ಸ್, ವರ್ಲ್ಡ್ ಕಪ್‌ನ್ಯಾಗ ನಾವು ಸೋತ ಈ ಮ್ಯಾಚ್‌ಗಳಾಗ ಒಂದಿಲ್ಲೊಂದು ಹೊತ್ತಿನ್ಯಾಗ ಮುಂದಿದ್ದವ್ರು ನಾವ! 2016 ರಿಯೋ ಕ್ವಾರ್ಟರ್‌ಫೈನಲ್, ಬೆಲ್ಜಿಯಂ ಮ್ಯಾಲ ಆಕಾಶ್‌ದೀಪ್ ಮೊದ್ಲ ಗೋಲ್, ಕೊನಿಗೆ 1-3. 2018 ಭುವನೇಶ್ವರ ವರ್ಲ್ಡ್ ಕಪ್ ಕ್ವಾರ್ಟರ್‌ಫೈನಲ್, ನೆದರ್ಲೆಂಡ್ಸ್ ಮ್ಯಾಲ ಮತ್ತ ಆಕಾಶ್‌ದೀಪ್ ಮೊದ್ಲ ಗೋಲ್, ಕೊನಿಗೆ 1-2. ಟೋಕಿಯೋ ಸೆಮಿ, ಬೆಲ್ಜಿಯಂ ಮ್ಯಾಲ 2-1 ಮುಂದ, ಕೊನಿಗೆ 2-5. 2023 ವರ್ಲ್ಡ್ ಕಪ್ ಕ್ರಾಸ್‌ಓವರ್ (ಕ್ವಾರ್ಟರ್‌ಫೈನಲ್ ಮುಟ್ಟಾಕ ಗೆಲ್ಲಬೇಕಾದ ಮ್ಯಾಚ್), ನ್ಯೂಜಿಲೆಂಡ್ ಮ್ಯಾಲ 2-0, 3-1, ಆಮ್ಯಾಲ 3-3 ಆಗಿ ಶೂಟೌಟ್‌ನ್ಯಾಗ ಹೋತು. ಪ್ಯಾರಿಸ್ ಸೆಮಿ, ಜರ್ಮನಿ ಮ್ಯಾಲ 1-0 ಮುಂದ, ಕೊನಿಗೆ 2-3.

ಗೆದ್ದ ಎರಡೂ ಮೆಡಲ್ ಮ್ಯಾಚು? ಟೋಕಿಯೋದಾಗ ಜರ್ಮನಿ ಮ್ಯಾಲ 1-3 ಹಿಂದಿದ್ದು 5-4, ಪ್ಯಾರಿಸ್‌ದಾಗ ಸ್ಪೇನ್ ಮ್ಯಾಲ 0-1 ಹಿಂದಿದ್ದು 2-1. ಹಿಂದಿದ್ದಾಗ ನಮ್ಮವ್ರಿಗೆ ಹುಲಿ ಮೈಯಾಗ ಬರ್ತೈತಿ, ಮುಂದಿದ್ದಾಗ ಕೈಕಾಲು ಬಿಗೀತಾವ.

ಯಾಕ ಹಿಂಗ ಆಗ್ತೈತಿ ಅಂತ ತಿಳೀಬೇಕಂದ್ರ ನಮ್ಮೂರ ಗ್ರೌಂಡಿಗೆ ಬರ್ರಿ. ಹೋದ ತಿಂಗಳ ಹುಡುಗ್ರ ಮ್ಯಾಚ್ ನೋಡ್ತಾ ಕುಂತಿದ್ದೆ, ಒಂದ್ ಟೀಮ್ 2-1 ಮುಂದ, ಐದ ನಿಮಿಷ ಉಳದಿತ್ತು. ಫುಲ್‌ಬ್ಯಾಕ್ ಹುಡುಗ ಚೆಂಡು ಸಿಕ್ಕ ಕೂಡ್ಲೆ ಕಣ್ಣು ಮುಚ್ಚಿ ಜೋರ್ ಬಡದ ಒಗದ. ಮಂದಿ ಭಲೇ ಅಂದ್ರು. ಮನಸ್ಸಿನ್ಯಾಗ ಎಣಿಸಿದೆ, ಆರ ಸೆಕೆಂಡಿಗೆ ಚೆಂಡು ಮತ್ತ ಅವನ ಕಾಲ ಕೆಳಗ. ಮತ್ತ ಬಡದ, ಮತ್ತ ಬಂತು. ನಾಕನೇ ಸಲಕ್ಕ ಅದು ಸರ್ಕಲ್ ಒಳಗ ಅವನ ಕಾಲಿಗೆ ಬಡೀತು, ಸೀಟಿ, ಪೆನಾಲ್ಟಿ ಕಾರ್ನರ್, ಗೋಲ್, 2-2. ಆ ಹುಡುಗ ಸ್ಟಿಕ್ಕಿನ ಮ್ಯಾಲ ಹಣಿ ಇಟ್ಟು ನಿಂತಿದ್ದ, ನಂಗ ಬ್ಯಾಸರ ಆತು, ಯಾಕಂದ್ರ ಅವನಿಗೆ ಯಾರೂ ಹೇಳಿಕೊಟ್ಟಿದ್ದಿಲ್ಲ ಚೆಂಡನ್ನ ಸೈಡ್‌ಲೈನ್ ಗುಂಟ ಒಬ್ಬರಿಗೊಬ್ಬರು ಕೊಟ್ಕೊಂಡು ಎದುರಿನವ್ರ ಮೂಲಿ ತನಕ ಒಯ್ದು ಅಲ್ಲೇ ಹಿಡಕೊಂಡು ನಿಂದ್ರಬೇಕು ಅಂತ.

ದೊಡ್ಡ ಮ್ಯಾಚಿನ್ಯಾಗೂ ಇದ ಕಥಿ. ಗೋಲ್ ಸಿಕ್ಕ ಮ್ಯಾಲ ನಮ್ಮ ಫಾರ್ವರ್ಡ್‌ಗಳು ಸುದ್ದಾ ನಮ್ಮ ಗೋಲಿನ ಕಡೆಯ ಟ್ವೆಂಟಿಫೈವ್ (23 ಮೀಟರ್) ಗೆರಿ ಒಳಗ ಬಂದು ನಿಂದರ್ತಾರ, ಹೊರಗ ಹೊಡದ ಚೆಂಡು ಹಿಡಿಯೋರ ಇರಂಗಿಲ್ಲ, ಎದುರಿನವ್ರು ಮ್ಯಾಲಿಂದ ಮ್ಯಾಲ ಸರ್ಕಲ್ಲಿಗೆ ನುಗ್ತಾರ. ಟೋಕಿಯೋ ಸೆಮಿಯಾಗ ಬೆಲ್ಜಿಯಂಗೆ 14 ಪೆನಾಲ್ಟಿ ಕಾರ್ನರ್ ಕೊಟ್ವಿ, ಅವರ ಹೆಂಡ್ರಿಕ್ಸ್ ಹ್ಯಾಟ್ರಿಕ್ ಹೊಡದ. ನ್ಯೂಜಿಲೆಂಡ್ 3-1ರಿಂದ 3-3ಕ್ಕ ಬಂದ ಎರಡೂ ಗೋಲು ಪೆನಾಲ್ಟಿ ಕಾರ್ನರ್. 2018ರಾಗ ಡಚ್ಚರ ಗೆಲುವಿನ ಗೋಲೂ ಅದ. ಪ್ಯಾರಿಸ್ ಸೆಮಿಯಾಗ ಇನ್ನೊಂದ್ ಪೆಟ್ಟು ಬಿತ್ತು, ಕಾರ್ನರ್ ಬಡ್ಯೋವಾಗ ಮೊದ್ಲ ಓಡಿ ಹೋಗಿ ಮೈ ಒಡ್ಡೋ ಅಮಿತ್ ರೋಹಿದಾಸ್ ರೆಡ್ ಕಾರ್ಡ್ ಸಲುವಾಗಿ ಹೊರಗ ಕುಂತಿದ್ರು. ಆ ದಿನ ಜರ್ಮನಿ ಸಮ ಮಾಡಿದ ಗೋಲ್ ಕಾರ್ನರ್‌ದಿಂದನ ಬಂತು.

ಆದ್ರ ಅದ ಪ್ಯಾರಿಸ್‌ದಾಗ ಕ್ವಾರ್ಟರ್‌ಫೈನಲ್ ನೋಡ್ರಿ. ರೋಹಿದಾಸ್‌ಗೆ ರೆಡ್ ಕಾರ್ಡ್ ಸಿಕ್ಕಿದ್ದು ಆ ಮ್ಯಾಚಿನ್ಯಾಗ, 17ನೇ ನಿಮಿಷಕ್ಕ. ಬ್ರಿಟನ್ ಮ್ಯಾಲ 40 ನಿಮಿಷಕ್ಕೂ ಜಾಸ್ತಿ ಹತ್ತ ಮಂದಿ ಆಡಿ 1-1 ಹಿಡದು ಶೂಟೌಟ್‌ನ್ಯಾಗ 4-2. ಮಿಡ್‌ಫೀಲ್ಡಿನ್ಯಾಗ ಆಡೋರು ಫುಲ್‌ಬ್ಯಾಕ್ ಆದ್ರು, ಶ್ರೀಜೇಶ್ ಗೋಲಿನ್ಯಾಗ ಗ್ವಾಡಿ ಕಟ್ಟಿದಂಗ ನಿಂತಿದ್ರು. ನಾ ಕಂಡ ಭಾರತದ ಹಾಕಿಯೊಳಗ ಇಷ್ಟು ಧೈರ್ಯದ ಮ್ಯಾಚ್ ಇನ್ನೊಂದಿಲ್ಲ.

ಹಿಂಗಾಗಿ ನನ್ನ ತೀರ್ಪು ಕೇಳಿದ್ರ, ಟೀಮ್ ಅಂತ ಬಂದ್ರ 1975 ದೊಡ್ಡದು, ಹಿರ್ಯಾರ ಮಾತು ಖರೆ. ಒಂದ್ ಮ್ಯಾಚ್ ಅಂತ ಬಂದ್ರ ಪ್ಯಾರಿಸ್‌ದಾಗಿನ ಬ್ರಿಟನ್ ಮ್ಯಾಚ್, ಅಲ್ಲಿ ಹುಡುಗ್ರ ಮಾತು ಖರೆ.

ಈಗ ಸೆಮಿಫೈನಲ್ ಆಸೆ. 2025ರ ಸೆಪ್ಟೆಂಬರ್‌ದಾಗ ರಾಜಗೀರ್‌ದಾಗ ಏಷ್ಯಾ ಕಪ್ ಫೈನಲ್, ದಕ್ಷಿಣ ಕೊರಿಯಾ ಮ್ಯಾಲ 4-1 ಗೆದ್ದು ಸೀದಾ ವರ್ಲ್ಡ್ ಕಪ್ ಟಿಕೆಟ್ ತಗೊಂಡ್ವಿ. ಮೊದ್ಲನೇ ನಿಮಿಷದಾಗ ಸುಖ್‌ಜೀತ್ ಗೋಲ್, ಆಮ್ಯಾಲ ದಿಲ್‌ಪ್ರೀತ್ ಎರಡು, ರೋಹಿದಾಸ್ ಒಂದು. ನಂಗ ಅದ್ರಾಗ ಹಿಡಿಸಿದ್ದು ಏನಂದ್ರ ಮುಂದಿದ್ದೂ ಹಿಂದ ಸರೀಲಿಲ್ಲ, ಮತ್ತ ಮತ್ತ ಗೋಲಿಗೆ ಹೋದ್ರು. ಕೋಚ್ ಕ್ರೇಗ್ ಫುಲ್ಟನ್ ಡಿಫೆಂಡ್ ಟು ವಿನ್ ಅಂತ ಯಾವಾಗ್ಲೂ ಹೇಳ್ತಾರ, ಅದನ್ನ ನಮ್ಮ ಮಂದಿ ಹಿಂದ ಕುಂದ್ರೋದು ಅಂತ ತಪ್ಪು ತಿಳಕೋತಾರ. ಎದುರಿನವ್ರ ಅರ್ಧದಾಗನ ಚೆಂಡು ಕಸಗೊಂಡ್ರ ಅದೂ ಡಿಫೆನ್ಸ ಅಲ್ಲೇನ್ರಿ. ಸೆಮಿ ಮುಟ್ಟೋ ಕುವ್ವತ್ತು ಈ ಟೀಮಿಗೆ ಐತಿ ಅಂತ ನಾ ನಂಬೀನಿ. ಮ್ಯಾಚ್ ನೋಡೋವಾಗ ಸ್ಕೋರ್ ಬಿಟ್ಟು ಮೂರನೇ ಕ್ವಾರ್ಟರ್‌ದಾಗ ನಾವು ಎಷ್ಟು ಪೆನಾಲ್ಟಿ ಕಾರ್ನರ್ ಬಿಟ್ಟುಕೊಟ್ವಿ ಅಂತ ಎಣಿಸ್ರಿ, ಮುಂದಿನ ಕಥಿ ನಿಮಗ ಅಲ್ಲೇ ಗೊತ್ತಾಗ್ತೈತಿ.

ಇನ್ನೊಂದ್ ಮಾತು, ಇದು ಮನಸ್ಸಿಗೆ ಭಾಳ ಹತ್ತಿರದ್ದು. ಈ ವರ್ಲ್ಡ್ ಕಪ್ ಆಗಸ್ಟ್‌ದಾಗ ಬೆಲ್ಜಿಯಂ ಮತ್ತ ನೆದರ್ಲೆಂಡ್ಸ್‌ನ್ಯಾಗ, ಡಚ್ಚರ ಕಡೆ ಆಮ್‌ಸ್ಟೆಲ್‌ವೀನ್ ಊರಾಗ. 1973ರ ವರ್ಲ್ಡ್ ಕಪ್ ಫೈನಲ್ ಆಡಿದ್ದೂ ಅದ ಊರಾಗ. ಕ್ಯಾಪ್ಟನ್ ನಮ್ಮ ಕೊಡಗಿನ ಎಂ.ಪಿ. ಗಣೇಶ್. ಡಚ್ಚರ ಮ್ಯಾಲ 2-0 ಮುಂದಿದ್ವಿ, 2-2 ಆತು, ಎಕ್ಸ್‌ಟ್ರಾ ಟೈಮಿನ್ಯಾಗ ಸಿಕ್ಕ ಪೆನಾಲ್ಟಿ ಸ್ಟ್ರೋಕ್ ಕೈ ತಪ್ಪಿತು, ಕೊನಿಗೆ ಸ್ಟ್ರೋಕ್ಸ್‌ನ್ಯಾಗ ಸೋತ್ವಿ. ಅಂದ್ರ ಮುಂದಿದ್ದು ಕೈ ಬಿಡೋ ರೋಗ ಈಗಿನ ಹುಡುಗ್ರದ್ದಷ್ಟ ಅಲ್ಲ, ಆವಾಗ್ಲೂ ಇತ್ತು. ಆದ್ರ ಅದ ಮಂದಿಯೊಳಗಿನ ಸುಮಾರು ಆಟಗಾರ್ರು ಎರಡ ವರ್ಷಕ್ಕ ಕಪ್ ಎತ್ತಿದ್ರು.

ಪ್ರಶ್ನೆ: ನಾನು ಹಾವೇರಿಯಾಕಿ, ಹಾಕಿ ಇಂಡಿಯಾ ಲೀಗ್ ತಪ್ಪದ ನೋಡ್ತೀನಿ. ಕರ್ನಾಟಕದ್ದು ಟೀಮ ಇಲ್ಲ, ನಾಕೌಟ್ ಹಂತಕ್ಕ ಬಂದಾಗ ಯಾರಿಗೆ ಚಪ್ಪಾಳಿ ಹೊಡೀಬೇಕ್ರಿ?

ಉತ್ತರ: ತಂಗಿ, ಈ ನೋವು ನಂದೂ ಹೌದು. 2013ರಾಗ ಈ ಲೀಗ್ ಶುರು ಆದಾಗೂ ನಮ್ಮ ಟೀಮ್ ಇದ್ದಿಲ್ಲ, ನಡುವ ನಿಂತು 2024ರ ಕೊನಿಗೆ ಮತ್ತ ಶುರು ಆದಾಗ ಎಂಟು ಗಂಡಸರ ಟೀಮು ಬಂದ್ವು, ಅದ್ರಾಗೂ ನಮ್ಮದಿಲ್ಲ. ನ್ಯಾಷನಲ್ ಕ್ಯಾಂಪ್ ನಡಿಯೋದು ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಸೆಂಟರಿನ್ಯಾಗ, ಕೊಡಗಿನ್ಯಾಗ ಮನಿಗೊಬ್ಬ ಆಟಗಾರ, ಅಂಥಾ ರಾಜ್ಯಕ್ಕ ಟೀಮ್ ಇಲ್ಲಂದ್ರ ಸಿಟ್ಟು ಬರ್ತೈತಿ. ಅದಕ್ಕೂ ಮೊದ್ಲ ಪ್ರೀಮಿಯರ್ ಹಾಕಿ ಲೀಗ್ ಇದ್ದಾಗ 2006ರಾಗ ಬೆಂಗಳೂರು ಲಯನ್ಸ್, 2008ರಾಗ ಬೆಂಗಳೂರು ಹೈ-ಫ್ಲೈಯರ್ಸ್ ಕಪ್ ಗೆದ್ದಿದ್ವು, ನಾವು ಆವಾಗ ಅರ್ಜುನ್ ಹಾಲಪ್ಪನ ಆಟ ನೋಡಾಕ ಟಿವಿ ಮುಂದ ಜಾಗಾ ಹಿಡದು ಕುಂದರ್ತಿದ್ವಿ. ರೊಕ್ಕ ಹಾಕೋ ಮಾಲಕ್ರು ಮುಂದ ಬರೂತನ ನಮ್ಮದು ಅನ್ನೋ ಟೀಮ್ ಬರಂಗಿಲ್ಲ.

ಅಲ್ಲೀ ತನಕ ಜರ್ಸಿ ಬಿಡು, ಆಟಗಾರ್ರನ್ನ ಹಿಡಿ. ಹಳೇ ಲೀಗಿನ್ಯಾಗ ನಮ್ಮ ಕರ್ನಾಟಕದ ರಘುನಾಥ್ ಉತ್ತರ ಪ್ರದೇಶದ ಟೀಮಿಗೆ ಆಡಿದ್ರು, ನಮ್ಮವ್ರ ಎಸ್.ವಿ. ಸುನಿಲ್ ಪಂಜಾಬ್ ಟೀಮಿಗೆ ಆಡಿದ್ರು, ಆ ಪಂಜಾಬ್ 2016ರಾಗ ಕಪ್ ಗೆದ್ದಾಗ ನಾ ನಮ್ಮವ್ರ ಗೆದ್ದಷ್ಟ ಖುಷಿ ಪಟ್ಟೆ. ಈಗ ಮೊಹಮ್ಮದ್ ರಾಹೀಲ್ ಅದಾರ, ಬೆಂಗಳೂರಿನ ಹುಡುಗ, ಚೆಂಡು ಕಾಲ ಹತ್ತಿರ ಇಟ್ಕೊಂಡು ತಿರುಗೋದು ನೋಡಾಕ ಚೆಂದ. ಹೆಣ್ಣಮಕ್ಕಳ ಲೀಗ್ ಸುದ್ದಾ ನೋಡು, ಮೊದ್ಲ ಸಲ ಒಡಿಶಾ ವಾರಿಯರ್ಸ್ ಗೆದ್ದಿದ್ದು, ಫೈನಲ್ 2-1, ಕೊನೀ ತನಕ ಕುರ್ಚಿ ತುದಿಗೆ ಕುಂತು ನೋಡಿದ್ವಿ.

ಪ್ರಶ್ನೆ: ಹುಬ್ಬಳ್ಳಿ ಕಾಲೇಜ್ ಟೀಮಿನ್ಯಾಗ ಆಡ್ತೀನಿ ಸರ್. ಶೂಟೌಟ್‌ನ್ಯಾಗ ಗೋಲ್‌ಕೀಪರ್ ಎದುರಿಗೆ ಬಂದ ಕೂಡ್ಲೆ ಗಾಬರಿ ಆಗಿ ಬಡದುಬಿಡ್ತೀನಿ. ಏನ್ ಮಾಡ್ಲಿ?

ಉತ್ತರ: 23 ಮೀಟರ್ ಗೆರಿಯಿಂದ ಎಂಟು ಸೆಕೆಂಡ್ ನಿಂಗ ಐತಿ, ನೀ ಮೂರಕ್ಕ ಬಡದ್ರ ಐದ ಸೆಕೆಂಡ್ ಕೀಪರ್‌ಗೆ ದಾನ ಕೊಟ್ಟಂಗ. ಗೆಳೆಯಾನ ಕೈಯಾಗ ಮೊಬೈಲ್ ಕೊಟ್ಟು ಜೋರಾಗಿ ಸೆಕೆಂಡ್ ಎಣಿಸಾಕ ಹಚ್ಚು, ಐದು ಅನ್ನೋ ತನಕ ಹೊಡಿಯಂಗಿಲ್ಲ ಅಂತ ಕಟ್ಟಳಿ ಹಾಕ್ಕೊ. ಕೀಪರ್ ಓಡಿ ಬಂದಾಗ ಅಂವ ಒಂದ್ ಕಾಲ ಮ್ಯಾಲ ಭಾರ ಹಾಕೋದು ಕಾಯಿ, ಆ ಕಾಲಿನ ಕಡೇನ ಚೆಂಡು ಎಳದು ದಾಟು, ಭಾರ ಬಿದ್ದ ಕಾಲು ಲಗೂನ ಏಳಂಗಿಲ್ಲ. ಗರಸಿನ ಗ್ರೌಂಡಾದ್ರ ಚೆಂಡು ಸ್ಟಿಕ್ಕಿಗೆ ಅಂಟಿಸಿಕೊಂಡ ಹೋಗು, ಮುಂದ ದೂಡಿದ್ರ ಪುಟೀತೈತಿ. ಶ್ರೀಜೇಶ್ ಪ್ಯಾರಿಸ್ ಮುಗಿಸಿ ನಿವೃತ್ತಿ ಆದ ಮ್ಯಾಲ ಗೋಲಿನ್ಯಾಗ ಕೃಷನ್ ಪಾಠಕ್, ಸೂರಜ್ ಕರ್ಕೇರ ನಿಂತಾರ, ಅವರ ಶೂಟೌಟ್ ವಿಡಿಯೋ ಸಿಕ್ಕ್ರ ಸ್ಲೋ ಮಾಡಿ ನೋಡು, ಕೀಪರ್ ಯಾವಾಗ ನಿಂದರ್ತಾನ ಯಾವಾಗ ನುಗ್ತಾನ ಅಂತ ಬರಕೋ. ದಿನಾ ಪ್ರ್ಯಾಕ್ಟೀಸ್ ಮುಗದ ಮ್ಯಾಲ, ಕಾಲು ಸೋತಾಗ, ಹತ್ತ ಸಲ ಮಾಡು, ಯಾಕಂದ್ರ ಖರೆ ಶೂಟೌಟ್ ಬರೋದು ಕಾಲು ಸೋತ ಮ್ಯಾಲನ.