ಪೆರ್ಲದ ಲೇಖಕರಿಗೆ: ನಿಮ್ಮ ಮೂರನೆಯ ಪುಟದ ಒಂದು ವಾಕ್ಯದ ಬಗ್ಗೆ

ಪೆರ್ಲದಿಂದ ಲೇಖನ ಕಳುಹಿಸಿದ ಗೆಳೆಯರಿಗೆ,

ನಮಸ್ಕಾರ. ಅರ್ಥಶಾಸ್ತ್ರಜ್ಞೆ ಗೀತಾ ಗೋಪಿನಾಥ್ ಅವರ ಸಂಶೋಧನೆಯ ಬಗ್ಗೆ ನೀವು ಬರೆದ ಏಳು ಪುಟಗಳನ್ನು ಎರಡು ಸಲ ಓದಿದೆ. ಈಗಿರುವಂತೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ಕೈಬಿಡಬೇಡಿ. ನಮ್ಮ ಕಚೇರಿಗೆ ಕತೆ, ಕವಿತೆಗಳು ಬೇಕಾದಷ್ಟು ಬರುತ್ತವೆ. ಬಡ್ಡಿದರ, ವಿದೇಶಿ ವ್ಯಾಪಾರ ಎಂದು ಕನ್ನಡದಲ್ಲಿ ಬರೆಯಲು ಹೊರಟವರು ಕೇರಳದ ಈ ಕಾಸರಗೋಡು ಜಿಲ್ಲೆಯಲ್ಲಿ ಬಹಳ ಅಪರೂಪ. ಆದ್ದರಿಂದಲೇ ಕೊಂಚ ಉದ್ದವಾಗಿ, ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಮೊದಲ ಎರಡೂವರೆ ಪುಟ ಅವರ ಜೀವನಚರಿತ್ರೆ: ಮೈಸೂರಿನ ಬಾಲ್ಯ, ದೆಹಲಿಯ ಓದು, ಪ್ರಿನ್ಸ್‌ಟನ್, ಹಾರ್ವರ್ಡ್, 2019ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯಾದ ಐಎಂಎಫ್‌ನ ಮುಖ್ಯ ಅರ್ಥಶಾಸ್ತ್ರಜ್ಞೆಯ ಹುದ್ದೆ. ಅವರ ಬಗ್ಗೆ ನನಗೂ ಅಭಿಮಾನವಿದೆ. ಆದರೆ ನಮ್ಮ ಓದುಗರು ಇದನ್ನೆಲ್ಲ ದಿನಪತ್ರಿಕೆಗಳಲ್ಲಿ ಆಗಲೇ ಓದಿದ್ದಾರೆ. ನಾಲ್ಕು ಸಾಲಿಗೆ ಇಳಿಸಿ. 2016ರಲ್ಲಿ ಅವರು ಕೇರಳ ಮುಖ್ಯಮಂತ್ರಿಯವರ ಆರ್ಥಿಕ ಸಲಹೆಗಾರರಾಗಿ ನೇಮಕಗೊಂಡಿದ್ದರು. ನಮಗೆ ಹತ್ತಿರವಾದ ಆ ಸಂಗತಿಯನ್ನೇ ಬಿಟ್ಟಿದ್ದೀರಿ, ಸೇರಿಸಿ.

ಈಗ ನನ್ನ ಮುಖ್ಯ ತಕರಾರು. ಮೂರನೆಯ ಪುಟದಲ್ಲಿ ನೀವು ಬರೆದಿದ್ದೀರಿ: "ರೂಪಾಯಿ ಕುಸಿದರೆ ನಮ್ಮ ಸರಕು ವಿದೇಶಿಯರಿಗೆ ಅಗ್ಗವಾಗುತ್ತದೆ, ರಫ್ತು ಏರುತ್ತದೆ." ಐದನೆಯ ಪುಟದಲ್ಲಿ ಡಾಲರಿನ ಪ್ರಾಬಲ್ಯದ ಬಗ್ಗೆ ಅವರು ಬರೆದ ಪ್ರಬಂಧದ ಸಾರಾಂಶವಿದೆ. ಆ ಪ್ರಬಂಧ ಪ್ರಶ್ನಿಸುವುದು ನಿಮ್ಮ ಮೂರನೆಯ ಪುಟದ ವಾಕ್ಯವನ್ನೇ. ಎರಡೂ ಒಂದೇ ಲೇಖನದಲ್ಲಿ ಜಗಳವಿಲ್ಲದೆ ಕುಳಿತಿವೆ. ಎಂದರೆ ಸಾರಾಂಶವನ್ನು ಇಳಿಸಿಕೊಂಡಿದ್ದೀರಿ, ಅರಗಿಸಿಕೊಂಡಿಲ್ಲ.

ಗೇರುಬೀಜವನ್ನು ತೆಗೆದುಕೊಳ್ಳಿ. ಮಂಗಳೂರಿನಿಂದ ಕೊಲ್ಲಂವರೆಗಿನ ಕಾರ್ಖಾನೆಗಳಿಗೆ ಊರಿನ ಬೀಜ ಸಾಲುವುದಿಲ್ಲ. ಐವರಿ ಕೋಸ್ಟ್, ತಾಂಜಾನಿಯಾಗಳಿಂದ ಹಡಗಿನಲ್ಲಿ ಬರುತ್ತದೆ. ಐವರಿ ಕೋಸ್ಟ್‌ನ ರೈತ ಎಣಿಸುವುದು ಫ್ರಾಂಕ್, ನಮ್ಮ ಕಾರ್ಖಾನೆಯವರು ಎಣಿಸುವುದು ರೂಪಾಯಿ, ನಡುವಿನ ಬಿಲ್ ಮಾತ್ರ ಡಾಲರಿನಲ್ಲಿ. ಸುಲಿದು, ಇಡಿ ಬೇರೆ ತುಂಡು ಬೇರೆ ಮಾಡಿ, ಡಬ್ಬ ತುಂಬಿಸಿದ ತಿರುಳು ಜಪಾನಿಗೆ ಹೊರಟಾಗಲೂ ದರ ಪೌಂಡಿಗೆ ಇಷ್ಟು ಡಾಲರ್ ಎಂದೇ. 2013ರ ಮೇ ತಿಂಗಳಲ್ಲಿ ಡಾಲರಿಗೆ 55 ರೂಪಾಯಿಯ ಆಸುಪಾಸಿನಲ್ಲಿದ್ದ ದರ ಆಗಸ್ಟ್ ಕೊನೆಗೆ 68 ದಾಟಿತು. ಬೀಜಕ್ಕೆ ಟನ್ನಿಗೆ 1,500 ಡಾಲರ್ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 82,500 ರೂಪಾಯಿಯ ಬಿಲ್ ಮೂರು ತಿಂಗಳಲ್ಲಿ 1,02,000 ಆಯಿತು. ಬೀಜ ಅದೇ, ಹಡಗು ಅದೇ. ಇತ್ತ ಜಪಾನಿನ ವ್ಯಾಪಾರಿಗೆ ಗೋಡಂಬಿ ಅಗ್ಗವಾಯಿತೇ? ಮಾತಾದದ್ದು ಡಾಲರಿನಲ್ಲಿ, ಆದ್ದರಿಂದ ಇಲ್ಲ. ಅಗ್ಗವಾಗದೆ ಆತ ಹೆಚ್ಚು ಕೊಳ್ಳುವುದಾದರೂ ಯಾಕೆ? ರಫ್ತುದಾರರ ಕೈಗೆ ಬರುವ ರೂಪಾಯಿ ಹೆಚ್ಚಿತು, ನಿಜ. ಹೊರಟ ಡಬ್ಬಗಳ ಲೆಕ್ಕ ಅದರಿಂದ ಹೆಚ್ಚಲಿಲ್ಲ. ಹೆಚ್ಚಿದ ರೂಪಾಯಿಯಲ್ಲೂ ಒಂದು ಪಾಲನ್ನು ಬೀಜದ ಬಿಲ್ ತಿಂದಿತು.

ಇದು ಒಂದು ಸರಕಿನ ಕತೆಯಲ್ಲ. 2015ರಲ್ಲಿ ಅಮೆರಿಕದ ಜಾಕ್ಸನ್ ಹೋಲ್‌ನಲ್ಲಿ ಕೇಂದ್ರ ಬ್ಯಾಂಕುಗಳ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಗೀತಾ ಅವರು ಕೊಟ್ಟ ಅಂಕಿಯನ್ನು ನೀವು ಉಲ್ಲೇಖಿಸಲೇ ಇಲ್ಲ. ಆಗ ಭಾರತದ ಆಮದಿನಲ್ಲಿ ಶೇ. 86ರಷ್ಟಕ್ಕೆ ಬಿಲ್ ಡಾಲರಿನಲ್ಲಿತ್ತು. ಅಮೆರಿಕದಿಂದ ಬರುತ್ತಿದ್ದ ಸರಕು ಶೇ. 5 ಮಾತ್ರ. ಇಡೀ ಲೇಖನ ನಿಲ್ಲಬೇಕಾದದ್ದು ಈ ಎರಡು ಸಂಖ್ಯೆಗಳ ನಡುವಿನ ಅಂತರದ ಮೇಲೆ.

ಅದನ್ನು ನಮ್ಮವರಿಗೆ ಅರ್ಥ ಮಾಡಿಸುವುದು ಕಷ್ಟವಲ್ಲ. ನಿಮ್ಮ ಪೆರ್ಲದ ತೋಟದಲ್ಲೇ ನೋಡಿ: ಮನೆಯಲ್ಲಿ ಹವ್ಯಕ ಕನ್ನಡ ಆಡುವವರು, ಮನೆಯಲ್ಲಿ ಮರಾಠಿ ಆಡುವವರು ಎದುರಾದರೆ ಮಾತು ತುಳುವಿನಲ್ಲಿ ನಡೆಯುತ್ತದೆ. ಇಬ್ಬರದ್ದೂ ಮನೆಮಾತಲ್ಲ, ಆದರೂ ಅಡಿಕೆಯ ದರ, ಕೂಲಿ, ಮುಂಗಡ ಎಲ್ಲ ಅದರಲ್ಲೇ. ವ್ಯಾಪಾರದಲ್ಲಿ ಡಾಲರ್ ಅಂಥ ಮೂರನೆಯ ಭಾಷೆ. ಎಲ್ಲರೂ ಅದರಲ್ಲಿ ಆಡುವುದರಿಂದ ಹೊಸಬನೂ ಅದನ್ನೇ ಕಲಿಯುತ್ತಾನೆ. ಇನ್ನು ಗಲ್ಫ್‌ನಲ್ಲಿ ದುಡಿಯುವವರಿರುವ ಉಪ್ಪಳ, ಕುಂಬಳೆಯ ಮನೆಗಳಲ್ಲಿ ಯುಎಇಯ ಹಣವಾದ ದಿರ್ಹಮ್‌ನ ದರ ತಿಳಿಯದವರುಂಟೇ? 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್ ಎಂದು ಕಟ್ಟಿಹಾಕಿರುವುದರಿಂದ, ಅವರು ದಿನವೂ ಕೇಳುವುದು ಡಾಲರಿನ ದರವನ್ನೇ. ಇಷ್ಟು ತಿಳಿದ ಓದುಗರಿಗೆ ನೀವು "ಪ್ರಾಬಲ್ಯಾತ್ಮಕ ಚಲಾವಣಾ ಪ್ರತಿಮಾನ" ಎಂದು ಬರೆದರೆ ಅವರು ಪುಟ ತಿರುಗಿಸುತ್ತಾರೆ. "ಡಾಲರಿನ ಬಿಲ್" ಎನ್ನಿ, ಸಾಕು.

ಪದಗಳ ಮಾತು ಬಂದದ್ದಕ್ಕೆ ಇನ್ನೊಂದು. "ವಿತ್ತೀಯ ನೀತಿ", "ಹಣಕಾಸು ನೀತಿ" ಎರಡನ್ನೂ ಒಂದೇ ಅರ್ಥದಲ್ಲಿ ಬೆರೆಸಿದ್ದೀರಿ. ಪತ್ರಿಕೆಗಳಲ್ಲಿ ವಿತ್ತೀಯ ಕೊರತೆ ಎಂದರೆ ಸರ್ಕಾರದ ಆಯವ್ಯಯದ ಕೊರತೆ. ರಿಸರ್ವ್ ಬ್ಯಾಂಕಿನ ಬಡ್ಡಿಯ ನಿರ್ಧಾರ ಹಣಕಾಸು ನೀತಿ. ಕೊನೆಯವರೆಗೂ ಹಾಗೆಯೇ ಬಳಸಿ.

ಬಡ್ಡಿಯ ಭಾಗವನ್ನು ನೀವು ಒಂದೇ ಪ್ಯಾರಾದಲ್ಲಿ ಮುಗಿಸಿದ್ದೀರಿ. ಅದು ಬೆಳೆಯಬೇಕು. ಬಡ್ಡಿ ಇಳಿಸಿ, ರೂಪಾಯಿ ಬೀಳಲು ಬಿಟ್ಟರೆ ರಫ್ತು ಚಿಗುರುತ್ತದೆ ಎಂಬುದು ಹಳೆಯ ಪಠ್ಯಪುಸ್ತಕದ ಭರವಸೆ. ಬಿಲ್ ಡಾಲರಿನಲ್ಲಿದ್ದರೆ ಆ ಲಾಭ ಸಣ್ಣದಾಗುತ್ತದೆ, ಆಮದಿನ ಬೆಲೆಯೇರಿಕೆ ಮಾತ್ರ ಪೂರ್ತಿಯಾಗಿ ಬಂದು ಬೀಳುತ್ತದೆ. 2016ರಿಂದ ಹಣದುಬ್ಬರವನ್ನು ಶೇ. 4ರ ಹತ್ತಿರ ಇಡುವ ಹೊಣೆ ಹೊತ್ತ ರಿಸರ್ವ್ ಬ್ಯಾಂಕಿಗೆ ಇದು ನಿಜವಾದ ಇಕ್ಕಟ್ಟು. 2022ರ ಮಾರ್ಚ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಡ್ಡಿ ಏರಿಸಲು ಶುರು ಮಾಡಿತು; ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ನಮ್ಮ ರೆಪೊ ದರ (ರಿಸರ್ವ್ ಬ್ಯಾಂಕ್ ಉಳಿದ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) ಶೇ. 4ರಿಂದ 6.5ಕ್ಕೆ ಏರಿತು. ಅಮೆರಿಕವೊಂದೇ ಕಾರಣ ಎಂದು ಬರೆಯಬೇಡಿ. ಆಗ ಇಲ್ಲಿಯ ಬೆಲೆಗಳೂ ಏರಿದ್ದವು. ಡಾಲರಿನ ಪ್ರಾಬಲ್ಯದ ಬಗೆಗಿನ 2020ರ ಪ್ರಬಂಧದ ಒಂದು ಫಲಿತಾಂಶವನ್ನೂ ಸೇರಿಸಿ: ಡಾಲರ್ ಉಳಿದೆಲ್ಲ ಕರೆನ್ಸಿಗಳೆದುರು ಶೇ. 1 ಬಲವಾದರೆ, ಅಮೆರಿಕವನ್ನು ಬಿಟ್ಟ ದೇಶಗಳ ನಡುವಿನ ವ್ಯಾಪಾರದ ಪ್ರಮಾಣ ವರ್ಷದೊಳಗೆ ಶೇ. 0.6 ಕುಗ್ಗುತ್ತದೆ. ಆ ಪ್ರಬಂಧ ಆರು ಮಂದಿಯದ್ದು. ಎಲ್ಲವನ್ನೂ ಗೀತಾ ಅವರೊಬ್ಬರ ಹೆಸರಿಗೆ ಬರೆದರೆ ಉಳಿದ ಐವರಿಗೆ ಅನ್ಯಾಯ.

2007ರಲ್ಲಿ ಅವರು ಮಾರ್ಕ್ ಅಗಿಯಾರ್ ಜೊತೆ ಬರೆದ ಪ್ರಬಂಧದ ಹೆಸರನ್ನು "ಚಕ್ರವೇ ಪ್ರವೃತ್ತಿ" ಎಂದು ಅನುವಾದಿಸಿ ಮುಂದೆ ಹೋಗಿದ್ದೀರಿ. ನನಗೇ ಅರ್ಥವಾಗಲಿಲ್ಲ. ಹೀಗೆ ಬಿಡಿಸಿ: ಅಡಿಕೆಗೆ ದರ ಬಂದಾಗ, ಇದು ಈ ವರ್ಷದ ಮಾತು ಎಂದುಕೊಂಡವರು ಹಣ ಎತ್ತಿಡುತ್ತಾರೆ, ಇನ್ನು ಮುಂದೆ ಹೀಗೆಯೇ ಎಂದು ನಂಬಿದವರು ಸಾಲ ಮಾಡಿ ಮಹಡಿ ಎಬ್ಬಿಸುತ್ತಾರೆ. ಮೆಕ್ಸಿಕೊದಂಥ ದೇಶಗಳಲ್ಲಿ ಏರಿಳಿತ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ಬೆಳವಣಿಗೆಯ ದಾರಿಯೇ ಬಾಗುತ್ತದೆ. ಆದ್ದರಿಂದ ಒಳ್ಳೆಯ ಕಾಲದಲ್ಲಿ ಖರ್ಚು ಆದಾಯಕ್ಕಿಂತ ಜೋರಾಗಿ ಏರುತ್ತದೆ, ಕೆಟ್ಟ ಕಾಲದಲ್ಲಿ ಅಷ್ಟೇ ಜೋರಾಗಿ ಕುಸಿಯುತ್ತದೆ. ಅವರು ಹೋಲಿಕೆಗೆ ಇಟ್ಟುಕೊಂಡ ಕೆನಡಾದಲ್ಲಿ ಹಾಗಾಗುವುದಿಲ್ಲ. ಇದಕ್ಕೆ ಅರ್ಧ ಪುಟ ಸಾಕು.

ಏಳು ಪುಟ ನಾಲ್ಕಾಗಲಿ. ಬರೆಯುವ ಮೊದಲು ಗೇರುಬೀಜದ ವ್ಯಾಪಾರದಲ್ಲಿ ಲೆಕ್ಕ ಬರೆಯುವವರೊಬ್ಬರನ್ನು ಕಂಡು, ಆಮದಿನ ಬಿಲ್ ಒಂದನ್ನು ಕಣ್ಣಾರೆ ನೋಡಿ ಬನ್ನಿ. ಬದಿಯಡ್ಕಕ್ಕೆ ಬಂದಾಗ ಕಚೇರಿಗೂ ಬನ್ನಿ. ಪೆನ್ಸಿಲಿನಲ್ಲಿ ಗುರುತು ಹಾಕಿದ ನಿಮ್ಮ ಹಸ್ತಪ್ರತಿ ನನ್ನ ಮೇಜಿನ ಮೇಲೆಯೇ ಇದೆ. ಮೂರನೆಯ ಪುಟದಿಂದ ಶುರು ಮಾಡೋಣ.

ಪ್ರೀತಿಯಿಂದ,
ಸಂಪಾದಕ