ಗಿಡದ ಪಾಠ ಬಂದರೆ ಮಕ್ಕಳು ಆಕಳಿಸುತ್ತಾರೆ, ಏನು ಮಾಡಲಿ?

ಬೆಂಗಳೂರಿನ ಶಾಲೆಯೊಂದಕ್ಕೆ ಈ ವರ್ಷ ವಿಜ್ಞಾನ ಕಲಿಸಲು ಸೇರಿದ್ದೀರಿ. ಏಳರಿಂದ ಹತ್ತನೇ ತರಗತಿ. ಹೃದಯ, ಮೆದುಳು ಅಂದರೆ ಕಣ್ಣರಳಿಸುವ ಮಕ್ಕಳು ಗಿಡದ ಪಾಠ ಶುರುವಾದ ಕೂಡಲೇ ಕಿಟಕಿ ಕಡೆ ನೋಡುತ್ತಾರೆ. ಲ್ಯಾಬಿನಲ್ಲಿ ಇರುವುದು ಒಂದೇ ಸೂಕ್ಷ್ಮದರ್ಶಕ. ಏನು ಮಾಡಲಿ ಅಂತ ಕೇಳಿದ್ದೀರಿ.

ಓದಿ ಸ್ವಲ್ಪ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಇಪ್ಪತ್ತೆರಡು ವರ್ಷದ ಹಿಂದೆ ನಾನೂ ಇದನ್ನೇ ಸ್ಟಾಫ್ ರೂಮಿನಲ್ಲಿ ಕೇಳಿದ್ದೆ. ಒಬ್ಬ ಹಿರಿಯ ಮೇಷ್ಟ್ರು, 'ಚಿತ್ರ ಬರೆಸಿ, ಭಾಗ ಗುರುತಿಸೋಕೆ ಹೇಳಿ, ಮಾರ್ಕ್ಸ್ ಬರುತ್ತೆ' ಅಂದರು. ಮಾರ್ಕ್ಸ್ ಬಂತು. ಆದರೆ ಆ ಮಕ್ಕಳಲ್ಲಿ ಒಬ್ಬರಿಗೂ ಶಾಲೆಯ ಗೇಟಿನ ಮುಂದಿರುವ ಮರ ಯಾವುದು ಅಂತ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಬಿಡಿ.

ನಾನು ತಡವಾಗಿ ಕಂಡುಕೊಂಡಿದ್ದು ಇಷ್ಟು. ಗಿಡ ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಏನನ್ನೂ ಮಾಡಿ ತೋರಿಸುವುದಿಲ್ಲ. ಅದಕ್ಕೆ ಅದರದ್ದೇ ತಿಂಗಳುಗಳಿವೆ. ಪುಸ್ತಕದ ಅಧ್ಯಾಯ ಯಾವಾಗ ಬರುತ್ತದೋ ಬರಲಿ, ನೀವು ಜೂನ್‌ನಿಂದ ಮಾರ್ಚ್‌ವರೆಗೆ ವಾರಕ್ಕೆ ಹತ್ತು ನಿಮಿಷ ಗಿಡಕ್ಕೆ ಕೊಡಿ. ಅಧ್ಯಾಯ ಬರುವ ಹೊತ್ತಿಗೆ ಮಕ್ಕಳು ಅರ್ಧ ಪಾಠ ನೋಡಿ ಮುಗಿಸಿರುತ್ತಾರೆ. ಹೆಸರುಗಳನ್ನು ಹೇಳಿಕೊಡುವುದು ಮಾತ್ರ ಉಳಿದಿರುತ್ತದೆ.

ಮೊದಲು ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಹೂವಿನ ಭಾಗ ಕಲಿಸಲು ಎಲ್ಲರೂ ದಾಸವಾಳ ತರಿಸುತ್ತಾರೆ, ನಾನೂ ತರಿಸಿದೆ. ನಲವತ್ತು ಮಕ್ಕಳಲ್ಲಿ ಮುಕ್ಕಾಲು ಜನ ತಂದಿದ್ದು ಒತ್ತೊತ್ತಾಗಿ ಎಸಳಿರುವ ಮುದ್ದೆ ದಾಸವಾಳ. ಅದರಲ್ಲಿ ಪರಾಗ ಕೊಡುವ ಕೇಸರಗಳೇ ಎಸಳಾಗಿಬಿಟ್ಟಿರುತ್ತವೆ. ಪುಸ್ತಕದ ಚಿತ್ರಕ್ಕೂ ಕೈಯಲ್ಲಿರುವ ಹೂವಿಗೂ ತಾಳೆಯೇ ಆಗಲಿಲ್ಲ. ಹೇಗೋ ನಾಲ್ಕೈದು ಒಂಟಿ ಎಸಳಿನ ಹೂವು ಹುಡುಕಿ ಪಾಠ ಮುಗಿಸಿದೆ. ಹೂವೇ ಕಾಯಿ ಆಗುತ್ತದೆ ಅಂದೆ. ಹಿಂದಿನ ಬೆಂಚಿನಿಂದ ಒಬ್ಬಳು, 'ಮಿಸ್, ದಾಸವಾಳದ ಕಾಯಿ ನೀವು ನೋಡಿದ್ದೀರಾ?' ಅಂತ ಕೇಳಿದಳು. ನೋಡಿರಲಿಲ್ಲ. ನಮ್ಮ ಮನೆಗಳ ದಾಸವಾಳ ಕಾಯಿ ಕಟ್ಟುವುದು ಬಹಳ ಅಪರೂಪ. ಅದನ್ನು ನಾವು ಕಡ್ಡಿ ನೆಟ್ಟೇ ಬೆಳೆಸುತ್ತೇವೆ, ಅಲ್ವಾ? ಹೂವಿನಿಂದ ಕಾಯಿ ಆಗುವುದನ್ನು ಕಲಿಸಲು, ಕಾಯಿಯನ್ನೇ ಬಿಡದ ಗಿಡ ಹಿಡಿದುಕೊಂಡು ನಿಂತಿದ್ದೆ.

ಅಂದಿನಿಂದ ನನ್ನ ಹೂವು ಬೆಂಡೆ. ದಾಸವಾಳದ ಬಂಧುವೇ. ಹೂವು ನೋಡಿದರೆ ಗೊತ್ತಾಗುತ್ತದೆ: ತಿಳಿ ಹಳದಿ, ಐದು ಎಸಳು, ಬುಡದಲ್ಲಿ ಕಪ್ಪುಗೆಂಪು. ನಡುವೆ ಒಂದು ಕಂಬ, ಕಂಬದ ಸುತ್ತ ಪರಾಗದ ಪುಟ್ಟ ಗುಂಡುಗಳು, ತುದಿಯಲ್ಲಿ ಕಡುಗೆಂಪು ಶಲಾಕಾಗ್ರ, ಅಂದರೆ ಪರಾಗ ಬಂದು ಅಂಟುವ ಜಾಗ. ಜೂನ್ ಮೊದಲ ಅಥವಾ ಎರಡನೇ ವಾರ ಬೀಜ ಹಾಕಿದರೆ ಸುಮಾರು ನಲವತ್ತೈದು ದಿನಕ್ಕೆ, ಅಂದರೆ ಜುಲೈ ಕೊನೆಗೆ ಹೂವು ಬರುತ್ತದೆ. ಬೆಳಿಗ್ಗೆ ಅರಳಿದ ಹೂವು ಅವತ್ತೇ ಬಾಡುತ್ತದೆ. ಆಮೇಲೆ ಒಂದು ವಾರದೊಳಗೆ ಸಾರಿಗೆ ಹಾಕುವಷ್ಟು ಕಾಯಿ. ಇಷ್ಟು ಬೇಗ ಕಥೆ ಮುಗಿಸುವ ಗಿಡ ಮಕ್ಕಳಿಗೆ ಬೇಕು. ದಸರಾ ರಜೆಯ ಮೊದಲೇ ಎಲ್ಲ ಮುಗಿಯುತ್ತದೆ ಅನ್ನುವುದು ಇನ್ನೊಂದು ಲಾಭ. ರಜೆಯಲ್ಲಿ ನೀರು ಹಾಕುವವರು ಇಲ್ಲದೆ ನನ್ನ ಎಷ್ಟು ಗಿಡ ಒಣಗಿವೆಯೋ ಲೆಕ್ಕವಿಲ್ಲ.

ಅರಳಿದ ಒಂದು ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಬ್ಲೇಡ್ ನಿಮ್ಮ ಕೈಯಲ್ಲೇ ಇರಲಿ. ಎಸಳುಗಳ ಬುಡದಲ್ಲಿ ಬೆರಳ ಉಗುರಿಗಿಂತ ಚಿಕ್ಕದೊಂದು ಬೆಂಡೆಕಾಯಿ ಆಗಲೇ ಕೂತಿರುತ್ತದೆ! ಒಳಗೆ ಬಿಳಿ ಚುಕ್ಕಿಗಳ ಸಾಲು. ಆಗ ತರಗತಿಯಲ್ಲಿ ಒಂದು ಸದ್ದು ಏಳುತ್ತದೆ ನೋಡಿ. 'ಅಂಡಾಶಯ' ಅನ್ನುವ ಪದ ಬೋರ್ಡಿನ ಮೇಲೆ ಬರೆಯಲು ಅದೇ ಸರಿಯಾದ ಗಳಿಗೆ, ಅದಕ್ಕಿಂತ ಮೊದಲು ಬೇಡ. ಆಮೇಲೆ ಬಲಿತ ಬೆಂಡೆಕಾಯಿಯನ್ನು ಅಡ್ಡಕ್ಕೆ ಕೊಯ್ದು ಕೋಣೆ ಎಣಿಸಲು ಹೇಳಿ. ಸಾಮಾನ್ಯವಾಗಿ ಐದು. ಶಲಾಕಾಗ್ರದ ಗುಂಡುಗಳನ್ನೂ ಎಣಿಸಲಿ. ಎರಡಕ್ಕೂ ಏನು ಸಂಬಂಧ ಅಂತ ನೀವು ಬಾಯಿ ಬಿಡಬೇಡಿ, ಒಂದು ದಿನ ಕಾಯಿರಿ.

ಒಂಬತ್ತು, ಹತ್ತನೇ ತರಗತಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ನಾಳೆ ಅರಳುವ ಮೊಗ್ಗಿಗೆ ಇವತ್ತು ಸಂಜೆಯೇ ಕಾಗದದ ಚೀಲ ಕಟ್ಟಿಸಿ. ದುಂಬಿ, ಇರುವೆ ಯಾವುದೂ ಒಳಗೆ ಹೋಗಬಾರದು. ಕಾಯಿ ಆಗುತ್ತದೋ ಇಲ್ಲವೋ ಅಂತ ಕೈ ಎತ್ತಿಸಿ. ಹೆಚ್ಚಿನವರು 'ಆಗಲ್ಲ' ಅನ್ನುತ್ತಾರೆ. ಆಗುತ್ತದೆ. ಬೆಂಡೆಯ ಪರಾಗ ಅದೇ ಹೂವಿನ ಶಲಾಕಾಗ್ರಕ್ಕೆ ತಗುಲಿದರೂ ಸಾಕು. ಇನ್ನು ಯಾರ ಮನೆಯಲ್ಲಾದರೂ ಕುಂಬಳದ ಬಳ್ಳಿ ಇದ್ದರೆ ಅದರ ಹೆಣ್ಣು ಹೂವಿಗೂ ಹಾಗೇ ಚೀಲ ಕಟ್ಟಲಿ. ಬುಡದಲ್ಲಿ ಪುಟ್ಟ ಕುಂಬಳಕಾಯಿ ಇರುವುದೇ ಹೆಣ್ಣು ಹೂವು. ಚೀಲದೊಳಗಿನ ಆ ಹೂವು ಹಳದಿಯಾಗಿ ಉದುರಿಹೋಗುತ್ತದೆ. ಗಂಡು ಹೂವು ಕಿತ್ತು ತಂದು ಹೆಣ್ಣು ಹೂವಿಗೆ ಸವರಿದರೆ ಕಾಯಿ ನಿಲ್ಲುತ್ತದೆ. ಹದಿಮೂರು, ಹದಿನಾಲ್ಕರ ವಯಸ್ಸಿನವರು ಕಿಸಿಕಿಸಿ ನಗುತ್ತಾರೆ. ನಗಲಿ. ಮನುಷ್ಯರ ಸಂತಾನೋತ್ಪತ್ತಿಯ ಪಾಠ ಬಂದಾಗ ಆ ಮುಜುಗರ ಅರ್ಧ ಕಮ್ಮಿಯಾಗಿರುತ್ತದೆ, ನಿಮಗೂ ಸೇರಿ.

ದಸರಾ ರಜೆಗೆ ಊರಿಗೆ ಹೋಗುವ ಮಕ್ಕಳು ನಿಮ್ಮ ತರಗತಿಯಲ್ಲಿ ಖಂಡಿತ ಇರುತ್ತಾರೆ. ಪಾವಗಡವೋ ಚಿಂತಾಮಣಿಯೋ, ಕಡಲೆಕಾಯಿ ಬೆಳೆಯುವ ಕಡೆಯವರು ಸಿಕ್ಕರೆ ಒಂದು ಗಿಡವನ್ನು ಬೇರು ಸಮೇತ ತರಲು ಹೇಳಿ. ಕಡಲೆಕಾಯಿ ಬೇರು ಅಂತಲೇ ಬೆಂಗಳೂರಿನ ಅರ್ಧ ಮಕ್ಕಳು ನಂಬಿರುತ್ತಾರೆ. ನಿಜಕ್ಕೂ ಹೂವು ಅರಳುವುದು ಮಣ್ಣಿನ ಮೇಲೆ. ಆಮೇಲೆ ಹೂವಿನ ಬುಡದಿಂದ ಒಂದು ಸೂಜಿ ಕೆಳಗಿಳಿದು ಮಣ್ಣು ಚುಚ್ಚಿ ಒಳಗೆ ಹೋಗುತ್ತದೆ, ಕತ್ತಲಲ್ಲಿ ಕಾಯಿಯಾಗುತ್ತದೆ. ಗಿಡ ಕೈಯಲ್ಲಿದ್ದರೆ ಆ ಸೂಜಿಗಳು ಕಣ್ಣಿಗೇ ಕಾಣುತ್ತವೆ. ಬೇರಿನ ಮೇಲೆ ಸಾಸಿವೆ ಗಾತ್ರದ ಗಂಟುಗಳೂ ಇರುತ್ತವೆ. ಗಿಡ ಹಸಿಯಾಗಿದ್ದರೆ ಒಂದು ಗಂಟು ಸೀಳಿ ನೋಡಿ, ಒಳಗೆ ನಸುಗೆಂಪು. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಬ್ಯಾಕ್ಟೀರಿಯಾ ಇರುವ ಮನೆ ಅದು. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಸೋದರನಂಥ ವಸ್ತು ಅದಕ್ಕೆ ಆ ಬಣ್ಣ ಕೊಡುತ್ತದೆ ಅಂದಾಗ ಹುಡುಗರ ಮುಖ ನೋಡಬೇಕು. ಆಮೇಲೆ ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದವರು ಕಾಯಿ ಸುಲಿಯುವಾಗ ಈ ಸೂಜಿಯ ಗುರುತು ಹುಡುಕಿಕೊಂಡು ಬರುತ್ತಾರೆ. ಹೋಮ್‌ವರ್ಕ್ ಕೊಡಬೇಕಾಗಿಲ್ಲ.

ಡಿಸೆಂಬರ್, ಜನವರಿ ಅಂದರೆ ಅವರೆ. ನಮ್ಮೂರಿನ ಮಕ್ಕಳಿಗೆ ದ್ವಿದಳ ಬೀಜವನ್ನು ಬೋರ್ಡಿನಲ್ಲಿ ಕಲಿಸುವುದು ಅನ್ಯಾಯ! ಮನೆಯಲ್ಲಿ ಅಜ್ಜಿ ಪಕ್ಕ ಕೂತು ಅವರೆ ಹಿತುಕಿದ ಮಗು ಬೀಜದ ಸಿಪ್ಪೆಯನ್ನು ಆಗಲೇ ಬೇರ್ಪಡಿಸಿದೆ. ನೆನೆದ ಕಾಳನ್ನು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ಬೇಳೆ ಎರಡು ಹೋಳು, ಅವೇ ಬೀಜದಳ. ಎರಡು ಹೋಳಿನ ನಡುವೆ, ಒಂದು ಅಂಚಿನಲ್ಲಿ ಪುಟ್ಟ ಬಾಲದಂಥದ್ದು ಇರುತ್ತದಲ್ಲ, ಗಿಡ ಆಗುವುದು ಅದು. ಉಳಿದದ್ದೆಲ್ಲ ಅದಕ್ಕೆ ಕಟ್ಟಿಕೊಟ್ಟ ಬುತ್ತಿ. ಆ ಬುತ್ತಿಯನ್ನೇ ನಾವು ಸಾರು ಮಾಡಿಕೊಂಡು ಊಟ ಮಾಡುತ್ತೇವೆ. ಒಬ್ಬ ಹುಡುಗ ಇದನ್ನು ಕೇಳಿ ಎರಡು ದಿನ ಹಿತಕಿದ ಬೇಳೆ ಸಾರು ಮುಟ್ಟಲಿಲ್ಲವಂತೆ, ಅವರಮ್ಮ ಬಂದು ದೂರಿದರು.

ಫೆಬ್ರವರಿ, ಮಾರ್ಚ್‌ನಲ್ಲಿ ಪರೀಕ್ಷೆಯ ಗಡಿಬಿಡಿ. ಆದರೆ ಬೆಂಗಳೂರಿನ ಮರಗಳು ಮೆರೆಯುವುದೂ ಆಗಲೇ. ಗುಲಾಬಿ ಬಣ್ಣದ ಟಬೆಬುಯಾ, ಹಿಂದೆಯೇ ನೇರಳೆ ಜಕರಂದಾ, ಬೇಸಿಗೆಗೆ ಗುಲ್‌ಮೊಹರ್. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನಿಯ ಕ್ರುಂಬಿಗಲ್, ಒಂದಾದ ಮೇಲೆ ಒಂದು ಹೂಬಿಡುವ ಮರಗಳನ್ನು ರಸ್ತೆಬದಿಗೆ ಹಾಕಿಸಿದರು ಅನ್ನುತ್ತಾರೆ. ಟಬೆಬುಯಾ, ಜಕರಂದಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಡೆಯವು, ಗುಲ್‌ಮೊಹರ್ ಮಡಗಾಸ್ಕರ್‌ನದು. 'ನಾವೂ ಹೊರಗಿನವರೇ ಮಿಸ್, ನಮ್ಮಪ್ಪ ರಾಯಚೂರಿಂದ ಬಂದಿದ್ದು' ಅಂದಿದ್ದ ಒಬ್ಬ. ನನಗೆ ಇವೆಲ್ಲಕ್ಕಿಂತ ಹೊಂಗೆ ಇಷ್ಟ. ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ಎಣ್ಣೆ ಹಚ್ಚಿದಂತೆ ಹೊಳೆಯುವ ಚಿಗುರು ಹೊದ್ದು ನಿಲ್ಲುತ್ತದೆ. ಒಂದು ಮರ ಆರಿಸಿ, ವಾರಕ್ಕೊಮ್ಮೆ ಹಳೆ ಎಲೆ, ಚಿಗುರು, ಮೊಗ್ಗು, ಹೂವು, ಕಾಯಿ ಇದೆಯೋ ಇಲ್ಲವೋ ಅಂತ ಮಾತ್ರ ಬರೆಸಿ. ಎರಡು ನಿಮಿಷದ ಕೆಲಸ. ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗುವುದಾದರೆ ಸುಮ್ನೆ ಫಲಪುಷ್ಪ ಪ್ರದರ್ಶನದ ದಿನ ಹೋಗಬೇಡಿ. ಅಲ್ಲಿ ನೀವು ಗಿಡ ನೋಡುವುದಿಲ್ಲ, ಮಕ್ಕಳ ತಲೆ ಎಣಿಸುತ್ತೀರಿ.

ಇನ್ನು ದ್ಯುತಿಸಂಶ್ಲೇಷಣೆ, ಅಂದರೆ ಗಿಡ ಬಿಸಿಲಿನಲ್ಲಿ ತನ್ನ ಆಹಾರ ತಾನೇ ಮಾಡಿಕೊಳ್ಳುವ ಪಾಠ. ಇದು ತಿಂಗಳಿಗೆ ಕಟ್ಟುಬಿದ್ದ ಪಾಠ ಅಲ್ಲ, ಆದರೆ ಎಲ್ಲರೂ ಎಡವುವುದು ಇಲ್ಲೇ. ಸಮೀಕರಣ ಬಾಯಿಪಾಠ ಬಂದಿರುತ್ತದೆ. ಆ ಮಕ್ಕಳನ್ನೇ ಮೈದಾನಕ್ಕೆ ಕರೆದುಕೊಂಡು ಹೋಗಿ, ದೊಡ್ಡದೊಂದು ಮರ ತೋರಿಸಿ, 'ಇದರ ತೂಕ ಎಲ್ಲಿಂದ ಬಂತು?' ಅಂತ ಕೇಳಿ. ಹತ್ತಕ್ಕೆ ಎಂಟು ಜನ 'ಮಣ್ಣಿಂದ' ಅನ್ನುತ್ತಾರೆ. ಹಾಗಿದ್ದರೆ ಬುಡದಲ್ಲಿ ಬಾವಿಯಷ್ಟು ಗುಂಡಿ ಬೀಳಬೇಕಿತ್ತಲ್ಲ? ಈಗಿನ ಬೆಲ್ಜಿಯಂನ ವ್ಯಾನ್ ಹೆಲ್ಮಾಂಟ್ ಅನ್ನುವವರು ಇದನ್ನು ತೂಕ ಮಾಡಿಯೇ ನೋಡಿದ್ದರು. ಅವರ ಬರಹ ಅಚ್ಚಾಗಿದ್ದು 1648ರಲ್ಲಿ. ಸುಮಾರು 90 ಕಿಲೋ ಒಣಮಣ್ಣಿನಲ್ಲಿ ಎರಡು ಕಿಲೋ ಚಿಲ್ಲರೆಯ ವಿಲೋ ಸಸಿ ನೆಟ್ಟು ಐದು ವರ್ಷ ಬರೀ ನೀರು ಹಾಕಿದರು. ಸಸಿ ಸುಮಾರು 77 ಕಿಲೋ ಆಯಿತು. ಮಣ್ಣು ಕಮ್ಮಿಯಾಗಿದ್ದು 60 ಗ್ರಾಮೂ ಇಲ್ಲ. ನೀರೇ ಮರವಾಯಿತು ಅಂತ ಅವರು ತೀರ್ಮಾನಿಸಿದರು. ಅದು ಪೂರ್ತಿ ಸರಿ ಅಲ್ಲ. ಒಣಗಿದ ಮರದ ತೂಕದ ಬಹುಪಾಲು ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ ಬಂದದ್ದು.

ಮಕ್ಕಳು ಇದನ್ನು ಒಪ್ಪುವುದಿಲ್ಲ. 'ಗಾಳಿ ತಿಂದು ಇಷ್ಟು ದಪ್ಪ ಆಯ್ತಾ?' ಅನ್ನುತ್ತಾರೆ. ಆಗ ನಾನು ಹಂಡೆ ಒಲೆ ನೆನಪಿಸುತ್ತೇನೆ. ಒಂದು ಹೊರೆ ಸೌದೆ ಉರಿಸಿದರೆ ಉಳಿಯುವುದು ಒಂದೆರಡು ಹಿಡಿ ಬೂದಿ. ಮಣ್ಣಿನಿಂದ ಬಂದಿದ್ದು ಅಷ್ಟೇ. ಉಳಿದದ್ದು ಎಲ್ಲಿಂದ ಬಂದಿತ್ತೋ ಅಲ್ಲಿಗೇ ವಾಪಸ್ ಹೋಯಿತು. ಹಂಡೆ ಒಲೆ ನೋಡದ ಮಕ್ಕಳು ಈಗ ಜಾಸ್ತಿ, ಅವರಿಗೆ ಒಂದು ಅಗರಬತ್ತಿ ಕಡ್ಡಿ ಸಾಕು.

ಇದರ ಜೊತೆಗೇ 'ಗಿಡ ರಾತ್ರಿ ಮಾತ್ರ ಉಸಿರಾಡುತ್ತದೆ' ಅನ್ನುವ ತಪ್ಪನ್ನೂ ತಿದ್ದಿಬಿಡಿ. ಹಗಲೂ ರಾತ್ರಿಯೂ ಉಸಿರಾಡುತ್ತದೆ. ಕುಂಡದ ಗಿಡ ಪಕ್ಕದಲ್ಲಿಟ್ಟು ಮಲಗಿದರೆ ಅಪಾಯ ಅನ್ನುವವರಿಗೆ ನಾನು ಕೇಳುವುದು ಒಂದೇ: ಅದಕ್ಕಿಂತ ಎಷ್ಟೋ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬಿಡುವ ನಿಮ್ಮ ತಮ್ಮ ಪಕ್ಕದಲ್ಲೇ ಮಲಗುತ್ತಾನಲ್ಲ?

ಎಲೆಯಲ್ಲಿ ಪಿಷ್ಟ ಇದೆಯಾ ಅಂತ ನೋಡುವ ಪ್ರಯೋಗಕ್ಕೆ ಮನಿಪ್ಲಾಂಟ್‌ನ ಬಿಳಿ-ಹಸಿರು ಎಲೆ ಒಳ್ಳೆಯದು. ಎಲೆಯ ಹಸಿರು ತೆಗೆಯಲು ಬಳಸುವ ಸ್ಪಿರಿಟ್ಟನ್ನು ನೇರವಾಗಿ ಬೆಂಕಿಯ ಮೇಲೆ ಇಡಲೇಬೇಡಿ. ಬಿಸಿ ನೀರಿನ ಪಾತ್ರೆಯೊಳಗೆ ಇಟ್ಟು, ಒಲೆ ಆರಿಸಿ ಮಾಡಿ. ಒಮ್ಮೆ ನನ್ನ ಸೆರಗಿನ ಅಂಚು ಸುಟ್ಟಿದೆ. ಎಲೆಯಿಂದ ನೀರು ಆವಿಯಾಗಿ ಹೋಗುವ ಬಾಷ್ಪವಿಸರ್ಜನೆಗೆ ಲ್ಯಾಬೇ ಬೇಡ, ಬಿಸಿಲಲ್ಲಿರುವ ಕೊಂಬೆಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಬಿಡಿ, ಊಟದ ಬೆಲ್ ಹೊತ್ತಿಗೆ ಹನಿ ಕಾಣುತ್ತದೆ. ಸೂಕ್ಷ್ಮದರ್ಶಕ ಒಂದೇ ಇದ್ದರೆ ಈರುಳ್ಳಿ ಪೊರೆಯನ್ನು ಅದರಲ್ಲಿಟ್ಟು ಇಡೀ ದಿನ ಕಾರಿಡಾರ್‌ನಲ್ಲಿ ಇಡಿ. ನೋಡುವವರು ಬಂದು ನೋಡುತ್ತಾರೆ.

ಹೆಡ್‌ಮಾಸ್ಟರು 'ಸಿಲಬಸ್ ಮುಗಿಯುತ್ತಾ?' ಅಂತ ಕೇಳುತ್ತಾರೆ. ಮುಗಿಯುತ್ತದೆ ಅನ್ನಿ. ಸೀಳಿದ ಬೆಂಡೆ ಹೂವು ನೋಡಿಯೇ ಚಿತ್ರ ಬರೆದ ಮಗು ಪರೀಕ್ಷೆಯಲ್ಲಿ ಭಾಗಗಳನ್ನು ಅದಲುಬದಲು ಮಾಡಿದ್ದನ್ನು ನಾನು ಹೆಚ್ಚು ಕಂಡಿಲ್ಲ.

ಈಗ ಬೆಂಡೆ ಬೀಜದ ವಿಷಯ. ಶಾಲೆಯಲ್ಲಿ ಮಣ್ಣಿನ ಜಾಗ ಇಲ್ಲದಿದ್ದರೆ ಹಳೆ ಪೇಂಟ್ ಬಕೆಟ್ ಹದಿನೈದು ಸಾಕು, ಬುಡಕ್ಕೆ ತೂತು ಮಾಡಿ. ಅಂಗಡಿಯ ಪ್ಯಾಕೆಟ್ ಬೀಜಕ್ಕೆ ಬಣ್ಣ ಹಚ್ಚಿದ್ದರೆ ಅದು ಔಷಧಿ, ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ಕೈ ತೊಳೆಸಿ. ರೈತರ ಹತ್ತಿರ ಒಣಗಿದ ಬೆಂಡೆಕಾಯಿಯೇ ಸಿಕ್ಕರೆ ಇನ್ನೂ ಒಳ್ಳೆಯದು, ಬೀಜ ಬಿಡಿಸುವುದೇ ಒಂದು ಪೀರಿಯಡ್. ರಾತ್ರಿ ನೆನೆಸಿ, ಬಕೆಟ್‌ಗೆ ಮೂರು ಬೀಜ ಹಾಕಿ. ಗಿಡದ ಸುಂಕಿನಿಂದ, ಅಂದರೆ ಮೈಮೇಲಿನ ಸಣ್ಣ ರೋಮದಿಂದ, ಕೆಲವರಿಗೆ ಕೈ ತುರಿಸುತ್ತದೆ, ಹೆದರಬೇಡಿ. ಮೊದಲ ಕಾಯಿ ಯಾರಿಗೆ ಅನ್ನುವುದನ್ನು ಮೊದಲೇ ಚೀಟಿ ಎತ್ತಿ ಇತ್ಯರ್ಥ ಮಾಡಿ. ನಮ್ಮಲ್ಲಿ ಅದಕ್ಕೇ ಒಮ್ಮೆ ದೊಡ್ಡ ಜಗಳ ಆಗಿ, ಕೊನೆಗೆ ಕಾಯಿಯನ್ನು ಅಳಿಲು ತಿಂದಿತು.