ಸಾರ್ವಜನಿಕ ನೀತಿ ಓದುವವರಿಗೆ ಸಾಂಸ್ಕೃತಿಕ ಮಾನವಶಾಸ್ತ್ರ ಏಕೆ?

ಸಾರ್ವಜನಿಕ ನೀತಿಯಲ್ಲಿ ಎಂ.ಎ.ಗೆ ಸೇರಿದ್ದೀರಿ, ಮೊದಲ ಸೆಮಿಸ್ಟರಿನಲ್ಲೇ ಸಾಂಸ್ಕೃತಿಕ ಮಾನವಶಾಸ್ತ್ರದ ಪರಿಚಯ ಪತ್ರಿಕೆ ಕಡ್ಡಾಯ. ಯಾವುದೋ ದ್ವೀಪದವರ ಮದುವೆ ಪದ್ಧತಿ ಓದಿ ಸರ್ಕಾರದ ಯೋಜನೆ ರೂಪಿಸುವವರಿಗೆ ಆಗಬೇಕಾದದ್ದೇನು ಎಂದು ಕೇಳಿದ್ದೀರಿ. ನಾನು ಧಾರವಾಡದಲ್ಲಿ ಮಾನವಶಾಸ್ತ್ರ ಓದುವಾಗ ನಮ್ಮ ಅಪ್ಪಯ್ಯನೂ ಇದನ್ನೇ ಕೇಳಿದ್ದರು, ನಿಮಗಿಂತ ಖಾರವಾಗಿ. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಸಿಕ್ಕಿದ್ದು ಬಹಳ ವರ್ಷದ ಮೇಲೆ, ಸಾಗರ ತಾಲ್ಲೂಕಿನ ಒಂದು ಮನೆಯ ಜಗುಲಿಯಲ್ಲಿ.

ಅರಳಗೋಡಿನ ಸುತ್ತ 2019ರಲ್ಲಿ, ಕಾಡಿನ ಉಣುಗು (ಉಣ್ಣೆ ಹುಳ) ಕಚ್ಚಿ ಹರಡುವ ಮಂಗನ ಕಾಯಿಲೆ ಜೋರಾಗಿ ಸಾವುಗಳಾದ ಮರುವರ್ಷ. ಮನೆ ಮನೆ ಸಮೀಕ್ಷೆಗೆ ನಾನೂ ಪ್ರಶ್ನಾವಳಿ ಹಿಡಿದು ಹೊರಟಿದ್ದೆ. ಅದರಲ್ಲೊಂದು ಪ್ರಶ್ನೆ: 'ಕಳೆದ ಒಂದು ತಿಂಗಳಲ್ಲಿ ಕಾಡಿಗೆ ಹೋಗಿದ್ದೀರಾ?' ಆ ಮನೆಯಾಕೆಗೆ ನನ್ನ ಅಮ್ಮನ ವಯಸ್ಸು. 'ಇಲ್ಲ ತಮ್ಮಾ, ಕಾಡಿನಲ್ಲಿ ನಮಗೇನು ಕೆಲಸ?' ಎನ್ನುತ್ತಾ ತಲೆಯ ಮೇಲಿನ ಸಿಂಬೆ ತೆಗೆದು ಕೊಡವಿದರು. ಆಗಷ್ಟೇ ಇಳಿಸಿದ ದರಗಿನ, ಅಂದರೆ ಉದುರಿದ ಒಣ ಎಲೆಯ, ಹೆಡಿಗೆ ಪಕ್ಕದಲ್ಲೇ ಇತ್ತು. ಸೆರಗಿಗೆ ಒಣ ಎಲೆಯ ಚೂರುಗಳು ಅಂಟಿದ್ದವು. ನಾನು 'ಇಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿಯೂ ಆಗಿತ್ತು.

'ಹಾಗಾದರೆ ಈ ದರಗು ಎಲ್ಲಿಯದಮ್ಮಾ?'

'ಇದಾ? ಇದು ಬೆಟ್ಟದ್ದು.'

ಅವರ ಲೆಕ್ಕದಲ್ಲಿ ಅಡಿಕೆ ತೋಟಕ್ಕೆ ಸೊಪ್ಪು, ದರಗು ತರುವ ಜಾಗ ಬೆಟ್ಟ. ದನ ಮೇಯುವ ಹುಲ್ಲಿನ ಬಯಲು ಬ್ಯಾಣ. ಮೆಣಸಿನ ಬಳ್ಳಿ ಹಬ್ಬಿದ, ದೇವರ ಕಲ್ಲಿರುವ ತಂಪು ಜಾಗ ಕಾನು. ಕಾಡು ಎಂದರೆ ಇವೆಲ್ಲ ಮುಗಿದ ಮೇಲೆ ಶುರುವಾಗುವುದು. ಪ್ರಶ್ನಾವಳಿ ಬರೆದವರಿಗೆ ಮಾತ್ರ ಎಲ್ಲವೂ ಒಂದೇ ಅರಣ್ಯ. ಉಣುಗು ಹತ್ತದಿರಲೆಂದು ಹಂಚಿದ್ದ ಡಿಎಂಪಿ ತೈಲದ ಬಾಟಲಿ ಗೋಡೆಯ ಗೂಡಿನಲ್ಲಿತ್ತು, ಮುಚ್ಚಳ ತೆರೆದಿರಲಿಲ್ಲ. ಕಾಡಿಗೆ ಹೋಗುವ ಮುಂಚೆ ಹಚ್ಚಿಕೊಳ್ಳಿ ಎಂದು ಹೇಳಿದ್ದರಂತೆ. ಅವರು ಕಾಡಿಗೆ ಹೋಗುವುದೇ ಇಲ್ಲವಲ್ಲ! ಬೆಳಿಗ್ಗೆಯಿಂದ ತುಂಬಿಸಿದ್ದ ಹಾಳೆಗಳನ್ನು ತಿರುವಿ ನೋಡಿದೆ. ಸಾಲು ಸಾಲಾಗಿ 'ಇಲ್ಲ'.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಮಳೆಗಾಲ ಕಳೆದ ಒಣ ತಿಂಗಳುಗಳಲ್ಲಿ ಮರಿ ಉಣುಗುಗಳ ಕಾಟ ಹೆಚ್ಚು, ದರಗು ಗುಡಿಸುವ ಕಾಲವೂ ಅದೇ. ಗುಡಿಸಿದ್ದು ಕೊಟ್ಟಿಗೆಗೆ ಹೋಗಿ, ದನದ ಕಾಲಡಿ ಗೊಬ್ಬರವಾಗಿ, ತೋಟ ಸೇರಬೇಕು. 'ಕಾಡಿಗೆ ಹೋಗಬೇಡಿ' ಎಂದು ಗೋಡೆಯ ಮೇಲೆ ಬರೆಸಿದರೆ 'ತೋಟಕ್ಕೆ ಗೊಬ್ಬರ ಹಾಕಬೇಡಿ' ಎಂದಂತಾಯಿತು. ಯಾರು ಕೇಳುತ್ತಾರೆ? ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ದಕ್ಷಿಣ ಕನ್ನಡದಲ್ಲಿ ಹಬ್ಬಿದ ಇದೇ ಕಾಯಿಲೆಯ ಬಗ್ಗೆ 1987ರಲ್ಲೇ ಬರೆದು, ಇದನ್ನು ಅಭಿವೃದ್ಧಿ ತಂದಿತ್ತ ಕಾಯಿಲೆ ಎಂದು ಕರೆದರು. ಕಾಡು ಕಡಿದದ್ದು, ಜನ ಅದನ್ನು ದೈವದ ಮುನಿಸೆಂದು ಅರ್ಥಮಾಡಿಕೊಂಡದ್ದು, ಎರಡನ್ನೂ ಅವರು ಒಟ್ಟಿಗೆ ಇಟ್ಟು ನೋಡಿದರು. ವೈರಸ್ಸನ್ನು ಮಾತ್ರ ನೋಡುವವರಿಗೆ ಎರಡನೆಯದು ಮೂಢನಂಬಿಕೆಯಾಗಿಯಷ್ಟೇ ಕಾಣುತ್ತದೆ.

ನಿಮ್ಮ ಪತ್ರಿಕೆಯ ಮೊದಲ ಪಾಠದಲ್ಲಿ ಮಲಿನೋಸ್ಕಿ ಬರುತ್ತಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ದೀರ್ಘಕಾಲ ಉಳಿದು, ಭಾಷೆ ಕಲಿತು, ಜನರ ನಡುವೆ ಬದುಕಿ ಬರೆದವರು. ದ್ವೀಪದ ಕಥೆ ನಿಮಗೆ ಬೇಡವಾಗಬಹುದು, ಆ ಅಭ್ಯಾಸ ಬೇಕು. ಜನ ತಮ್ಮ ಜಗತ್ತನ್ನು ಯಾವ ಪದಗಳಲ್ಲಿ ವಿಂಗಡಿಸುತ್ತಾರೆ ಎಂದು ತಿಳಿಯುವವರೆಗೆ ನಮ್ಮ ಪ್ರಶ್ನೆಯ ಮೇಲೆ ನಾವೇ ಅನುಮಾನವಿಟ್ಟುಕೊಳ್ಳುವ ಅಭ್ಯಾಸ. ನನ್ನ ಮಟ್ಟಿಗೆ ಈ ಶಾಸ್ತ್ರದ ಮುಖ್ಯ ಉಪಯೋಗ ಇದೊಂದೇ, ಉಳಿದದ್ದು ಪರೀಕ್ಷೆಗೆ.

ನೀತಿಯವರಿಗೆ ನೇರವಾಗಿ ತಟ್ಟುವ ಪುರಾವೆ ಬೇಕಿದ್ದರೆ ಮಂಡ್ಯದ ಕಡೆ ನೋಡಿ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 1956ರವರೆಗೆ ಅಲ್ಲಿನ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿ, ವಂಗಲ ಮತ್ತು ದಲೇನ ಎಂದು ಹೆಸರು ಮರೆಸಿ ಬರೆದರು. ನಾಲೆಯ ನೀರು ವಂಗಲಕ್ಕೆ ಹರಿಯಿತು, ದಲೇನಕ್ಕೆ ಹತ್ತಲಿಲ್ಲ. ನೀರು ಬಂದ ಊರೇ ಬದಲಾಗುತ್ತದೆಂದು ನೀವೂ ನಾನೂ ಊಹಿಸುತ್ತೇವೆ. ಆದದ್ದು ತಿರುವುಮುರುವು. ಕಬ್ಬಿನಿಂದ ಕೈ ತುಂಬಿಸಿಕೊಂಡ ವಂಗಲದವರು ಬೇಸಾಯವನ್ನೇ ನೆಚ್ಚಿಕೊಂಡರು, ಒಡೆಯ-ಆಳಿನ ಹಳೆಯ ಸಂಬಂಧ ಇದ್ದಲ್ಲೇ ಗಟ್ಟಿಯಾಯಿತು. ನೀರಿಲ್ಲದ ದಲೇನದವರು ಮಂಡ್ಯ ಪಟ್ಟಣದ ಕೆಲಸಕ್ಕೆ, ವ್ಯಾಪಾರಕ್ಕೆ ಇಳಿದರು, ಹಳೆಯ ಕಟ್ಟುಪಾಡು ಅಲ್ಲಿ ಸಡಿಲಗೊಂಡಿತು. ಎಕರೆಗೆ ಎಷ್ಟು ಟನ್ ಎಂಬ ನೀರಾವರಿ ವರದಿಯಲ್ಲಿ ಇದು ಎಲ್ಲಿಯೂ ಕಾಣುವುದಿಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಹಳ್ಳಿಯೊಂದನ್ನು ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾರ್ಪರ್ ಕೂಡ ಐವತ್ತರ ದಶಕದಲ್ಲಿ ಅಧ್ಯಯನ ಮಾಡಿದ್ದರು. ಅಡಿಕೆಯಂಥ ಹಣದ ಬೆಳೆ ಇರುವಲ್ಲಿ ವರ್ಷಕ್ಕಿಷ್ಟು ಧಾನ್ಯ ಎಂಬ ಕಾಯಂ ನಂಟಿಗಿಂತ ಕೆಲಸಕ್ಕೆ ತಕ್ಕ ಕೂಲಿಯೇ ನಡೆಯುತ್ತದೆ ಎಂದು 1959ರಲ್ಲಿ ತೋರಿಸಿದರು. 'ಭಾರತದ ಹಳ್ಳಿ' ಎಂದು ಒಂದೇ ಉಸಿರಿನಲ್ಲಿ ಹೇಳುವವರಿಗೆ ಅದನ್ನು ಓದಲು ಕೊಡಬೇಕು.

ಇವತ್ತಿನ ವಿಷಯಕ್ಕೆ ಬನ್ನಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ, ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದೆವೆಂದು ತೋರಿಸಬೇಕು. 1930ರ ಕಾಗದವನ್ನು ಎಲ್ಲಿಂದ ತರುವುದು? ಆದರೆ ನಿಯಮಗಳಲ್ಲಿ ಹಿರಿಯರ ಲಿಖಿತ ಹೇಳಿಕೆಗೆ, ಹಳೆಯ ಬಾವಿಗೆ, ಸಮಾಧಿಗೆ, ದೇವರ ಜಾಗಕ್ಕೆ ಸಾಕ್ಷ್ಯದ ಸ್ಥಾನವಿದೆ. ಕೇಳುವ ರೀತಿ ಗೊತ್ತಿರಬೇಕು, ಅಷ್ಟೇ. 'ಎಷ್ಟನೇ ಇಸವಿಯಿಂದ ಇದ್ದೀರಿ?' ಎಂದರೆ ಅಜ್ಜ ಸುಮ್ಮನಾಗುತ್ತಾರೆ. 'ಹಿರೇಭಾಸ್ಕರ ಡ್ಯಾಂ ಕಟ್ಟುವಾಗ ನೀವು ಏನು ಮಾಡುತ್ತಿದ್ದಿರಿ?' ಎಂದರೆ, 'ಎಮ್ಮೆ ಕಾಯುತ್ತಿದ್ದೆ, ದೊಡ್ಡ ಬಾವಿ ಆಗ ಅಪ್ಪ ತೋಡಿ ಆಗಿತ್ತು' ಎನ್ನುತ್ತಾರೆ. ಶರಾವತಿಗೆ ಕಟ್ಟಿದ ಆ ಅಣೆಕಟ್ಟು ಮುಗಿದದ್ದು 1948ರಲ್ಲಿ, ಲಿಂಗನಮಕ್ಕಿಯದು 1964ರಲ್ಲಿ. ಮುಳುಗಿದ ಊರುಗಳ ನೆನಪಿನಿಂದ ಇಸವಿಯನ್ನು ಹೆಕ್ಕಬಹುದು. ಹಾಗೆಯೇ ತಲೆಮಾರು ಲೆಕ್ಕ ಹಾಕಲು ವಂಶಾವಳಿ ಕೇಳಿ ಬರೆದುಕೊಳ್ಳುವ ವಿಧಾನವನ್ನು ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಡಬ್ಲ್ಯು.ಎಚ್.ಆರ್. ರಿವರ್ಸ್ ಆಸ್ಟ್ರೇಲಿಯಾ ಬಳಿಯ ಟಾರೆಸ್ ಜಲಸಂಧಿಗೆ 1898ರಲ್ಲಿ ಹೋದ ಯಾತ್ರೆಯಲ್ಲಿ ರೂಢಿಸಿಕೊಂಡರು. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕುವಾಗ ನನಗೆ ಅವರ ನೆನಪಾಗುತ್ತದೆ, ಏನು ಮಾಡಲಿ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಮೋಸವಾಗುತ್ತದೆ. ಜನರನ್ನು ಜಾತಿ, ಬುಡಕಟ್ಟು ಎಂದು ಪಟ್ಟಿ ಮಾಡಿ, ಮೂಗು ಅಳೆದು ಬ್ರಿಟಿಷ್ ಆಡಳಿತಕ್ಕೆ ಒದಗಿಸಿದವರೂ ಇದೇ ಶಾಸ್ತ್ರದ ಹೆಸರು ಹೇಳಿಕೊಂಡವರು. ಹುಟ್ಟಿನಿಂದಲೇ ಅಪರಾಧಿಗಳೆಂದು ಸಮುದಾಯಗಳಿಗೆ ಹಣೆಪಟ್ಟಿ ಹಚ್ಚಿದ 1871ರ ಕಾಯ್ದೆ ರದ್ದಾಗಿದ್ದು 1952ರಲ್ಲಿ. ಒಂದು ಊರಲ್ಲಿ ಮೂರು ವಾರ ಇದ್ದು 'ಅವರ ಸಂಸ್ಕೃತಿಯೇ ಹಾಗೆ' ಎಂದು ವರದಿ ಬರೆಯುವವರನ್ನು ಕಂಡಾಗಲೆಲ್ಲ ನನಗೆ ಆ ಕಾಯ್ದೆ ನೆನಪಾಗುತ್ತದೆ.

ಓದಲು ತೊಡಗುವುದಾದರೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರಿಂದ ತೊಡಗಿ. ಮೈಸೂರಿನವರು, 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯಲ್ಲಿದ್ದವರು. ವಿಂಗಡಿಸಿ ಸಿದ್ಧಪಡಿಸಿಟ್ಟಿದ್ದ ಟಿಪ್ಪಣಿಗಳು 1970ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ನೆನಪಿನಿಂದಲೇ ಆ ಊರನ್ನು ಬರೆದರು. ಓದುತ್ತಲೇ ಒಂದು ಯೋಜನೆಯ ಅರ್ಜಿ ನಮೂನೆ ತೆಗೆದುಕೊಂಡು ನಿಮ್ಮ ಅಜ್ಜಿಗೆ ಓದಿ ಹೇಳಿ. ಯಾವ ಪದದ ಬಳಿ ಅವರು 'ಅಂದರೆ?' ಎನ್ನುತ್ತಾರೋ ಅದನ್ನು ಬರೆದಿಟ್ಟುಕೊಳ್ಳಿ.

ಕಾಡಿಗೆ ಹೋಗಿದ್ದೀರಾ ಎಂಬ ಆ ಪ್ರಶ್ನೆಯನ್ನು 'ದರಗು, ಸೊಪ್ಪು, ಕಟ್ಟಿಗೆ, ದನ ಎಂದು ಎಲ್ಲೆಲ್ಲಿಗೆ ಹೋಗಿದ್ದಿರಿ?' ಎಂದು ಬದಲಿಸೋಣವೆಂದು ಸಮೀಕ್ಷೆಯ ಮುಖ್ಯಸ್ಥರಿಗೆ ಹೇಳಿದೆ. ನಮೂನೆ ಅಚ್ಚಾಗಿಬಿಟ್ಟಿದೆ ಎಂದರು. ಸರಿ, ಬಾಯಲ್ಲಿ ಹಾಗೆ ಕೇಳಿ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯತೊಡಗಿದೆ. ರಾತ್ರಿ ಮನೆಗೆ ಬಂದು ಬೆಟ್ಟ, ಬ್ಯಾಣ, ಕಾನಿನ ಕಥೆಯನ್ನೆಲ್ಲ ಅಪ್ಪಯ್ಯನಿಗೆ ಹೇಳಿದೆ. ಕವಳ ಹಾಕುತ್ತಾ ಪೂರ್ತಿ ಕೇಳಿಸಿಕೊಂಡು ಅವರು ಅಂದರು: 'ಇದನ್ನು ತಿಳಿಯುವುದಕ್ಕೆ ಧಾರವಾಡಕ್ಕೆ ಹೋಗಬೇಕಿತ್ತಾ?'